ಮೇಲಿನ ಬಾವಿಯ ಡಬ್ಬಿ

ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಹುಳಿ ವಾಸನೆ ಮೂಗಿಗೆ ಬಡಿಯಿತು. ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ. ಒಳಗೆ ನಮ್ಮೂರ ಜನ ಇದ್ದಾರೆ. ಒಬ್ಬೊಬ್ಬರೂ ಒಂದೊಂದು ಲಕೋಟೆಯೊಳಗೆ, ಬಿಳಿ ಕೂದಲು ಕಪ್ಪಾಗಿ, ಕಪ್ಪು ಕೂದಲು ಬಿಳಿಯಾಗಿ ನೆಗೆಟಿವ್‌ಗಳಲ್ಲಿ ಕೂತಿದ್ದಾರೆ. ನೆಗೆಟಿವ್ ಹಳತಾದಂತೆ ಹೀಗೆ ಹುಳಿ ಹಿಡಿಯುತ್ತದಂತೆ. ವಾಸನೆ ಶುರುವಾಯಿತೆಂದರೆ ಅದಕ್ಕೆ ಹೆಚ್ಚು ಆಯುಸ್ಸಿಲ್ಲ, ಬೇಗ ಸ್ಕ್ಯಾನ್ ಮಾಡಿಟ್ಟುಕೊಳ್ಳಿ ಎಂದು ತಿಳಿದವರು ಹೇಳಿದ್ದಾರೆ. ನನಗೆ ಆ ಅವಸರಕ್ಕಿಂತ ಮೊದಲು ನೆನಪಾದದ್ದು ಒಂದು ಕತ್ತಲೆ ಕೋಣೆ, ಅದರೊಳಗಿನ ಕೆಂಪು ದೀಪ, ಮತ್ತು ಸ್ಟುಡಿಯೋ ಮಾಮ...

ಜಗಳೂರಿನ ಹಳೇ ಶಾಲೆಯ ಒಂದು ಕೋಣೆಯಲ್ಲಿ ನಾವು ಕೆಲವರು ಸೇರಿ ಊರಿನ ಹಳೆಯ ಕಾಗದ ಪತ್ರ, ಫೋಟೋಗಳನ್ನು ಕೂಡಿಡುತ್ತಿದ್ದೇವೆ. ಮೇಷ್ಟ್ರಾಗಿದ್ದು ನಿವೃತ್ತಳಾದ ಮೇಲೆ ನನಗೆ ಅಂಟಿಕೊಂಡ ಹುಚ್ಚು ಇದು. ಮಳೆ ಮುನಿಸಿಕೊಂಡ ಊರಿಗೆ ಇತಿಹಾಸ ಎಂಥದ್ದು ಎಂದು ನಗುವವರೂ ಇದ್ದಾರೆ. ಅವರನ್ನು ಕರೆದು ಈ ಡಬ್ಬಿಗಳನ್ನು ತೋರಿಸುತ್ತೇನೆ. ಪ್ರತಿ ಡಬ್ಬಿಯ ಮೇಲೂ ಬಣ್ಣದಲ್ಲಿ ಒಂದೊಂದು ಬಾವಿಯ ಹೆಸರಿದೆ. ಸಂತೆ ಬಾವಿ, ಕೇರಿ ಬಾವಿ, ದರ್ಗಾ ಬಾವಿ, ಮೇಲಿನ ಬಾವಿ. ಫೋಟೋಗೂ ಬಾವಿಗೂ ಏನು ಸಂಬಂಧ ಎಂದು ಅವರು ಕೇಳಿಯೇ ಕೇಳುತ್ತಾರೆ. ಆಗ ನಾನು ಮಾಮನ ಕತೆ ಶುರು ಮಾಡುತ್ತೇನೆ.

ನಮ್ಮ ಕೇರಿ ಮುಗಿದು ಪೇಟೆ ಬೀದಿ ಶುರುವಾಗುವ ಕಡೆ ಅವರ ಸ್ಟುಡಿಯೋ ಇತ್ತು. ಎತ್ತರದ ಆಳು, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಒಳಗೆ ಗೋಡೆಯಗಲದ ಒಂದು ಪರದೆ. ಅದರ ತುಂಬ ಜಲಪಾತ! ನೊರೆ ಉಕ್ಕಿಸಿ ಧುಮುಕುವ ನೀರು, ಕೆಳಗೆ ಕಮಲದ ಕೊಳ. ನಮ್ಮೂರಿನಲ್ಲಿ ಅಷ್ಟು ನೀರನ್ನು ಒಟ್ಟಿಗೆ ಕಂಡದ್ದು ನಾನು ಆ ಬಟ್ಟೆಯ ಮೇಲೆಯೇ. ಮಾಮ ನಗುತ್ತ ಹೇಳುತ್ತಿದ್ದರು, "ಹೊನ್ನಾಳಿ ಸಾಸ್ವೆಹಳ್ಳಿ ಕಡೆಯಿಂದ ಬಂದ ಬೀಗರು ಪರದೆ ಕಡೆ ತಿರುಗಿ ಸೈತ ನೋಡಲ್ಲ. ಅವರಿಗೆ ಹೊಳೆ ಐತೆ. ನಮ್ಮೋರು ನೋಡು, ನೀರು ನೋಡ್ತಾ ನೋಡ್ತಾ ಕ್ಯಾಮೆರಾಕ್ಕೆ ಬೆನ್ನು ಕೊಡ್ತಾರೆ."

ಗೋಡೆಯ ಮೇಲೆ ಜಲಪಾತ ಇದ್ದರೂ ಸ್ಟುಡಿಯೋದಲ್ಲಿ ನೀರಿನ ಗತಿ ಇರಲಿಲ್ಲ. ಫಿಲಂ ತೊಳೆಯುವುದಕ್ಕೆ ನೀರು ಬೇಕೇ ಬೇಕು. ಅದಕ್ಕೆ ಮಾಮ ಒಂದು ಕಟ್ಟಳೆ ಮಾಡಿದ್ದರು. ಫೋಟೋ ತೆಗೆಸಲು ಬರುವವರು ತಾವು ಕುಡಿಯುವ ಬಾವಿಯಿಂದ ಒಂದು ಕೊಡ ನೀರು ತರಬೇಕು. ಮದುಮಗಳಾದರೂ ಸರಿ, ಊರ ಗೌಡರಾದರೂ ಸರಿ. ಜರತಾರಿ ಸೀರೆ ಉಟ್ಟವರು, ರುಮಾಲು ಸುತ್ತಿದವರು ಕೊಡ ಹೊರಿಸಿಕೊಂಡು ಫೋಟೋಕ್ಕೆ ಬರುತ್ತಿದ್ದದ್ದು ನಮ್ಮೂರಲ್ಲಿ ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ. ಅವರವರ ಮುಖವನ್ನು ಅವರವರ ನೀರಿನಲ್ಲೇ ತೊಳೆಯುತ್ತಿದ್ದುದರಿಂದ ಮುಟ್ಟಿದರೆ ಮೈಲಿಗೆ ಎಂದು ತಕರಾರು ತೆಗೆಯಲೂ ಯಾರಿಗೂ ದಾರಿ ಇರಲಿಲ್ಲ. ಮಾಮ ಅದನ್ನು ಯೋಚಿಸಿ ಮಾಡಿದ್ದರೋ, ನೀರಿನ ಕಷ್ಟಕ್ಕೆ ಮಾಡಿದ್ದರೋ, ನಾನರಿಯೆ. ಎರಡೂ ಇದ್ದೀತು.

ಒಂದೊಂದು ಬಾವಿಯ ನೀರು ಒಂದೊಂದು ಥರ. ಕೇರಿ ಬಾವಿಯದು ಗಡುಸು ನೀರು, ಬೇಳೆ ಬೇಯಿಸಲು ಹೋದರೆ ಸೌದೆ ಮುಗಿದರೂ ಬೇಳೆ ಬೇಯದು. ಆ ನೀರಿನಲ್ಲಿ ತೊಳೆದ ನೆಗೆಟಿವ್ ಒಣಗಿದ ಮೇಲೆ ಉಪ್ಪು ಕಟ್ಟಿ, ಫೋಟೋದಲ್ಲಿ ಮುಖದ ತುಂಬ ಬಿಳಿ ಚುಕ್ಕೆ ಬೀಳುತ್ತಿದ್ದವು. ಮಾಮ ಕಿವಿಯ ಪೆನ್ಸಿಲ್ ತೆಗೆದು ಒಂದೊಂದೇ ಚುಕ್ಕೆ ಮುಚ್ಚುತ್ತಿದ್ದರು. ಆದರೂ ಕೆಲವು ಉಳಿದೇ ಉಳಿಯುತ್ತಿದ್ದವು. ಯಾವ ನೀರಿನ ನೆಗೆಟಿವ್‌ಗೆ ಎಷ್ಟು ಉಪಚಾರ ಬೇಕೆಂದು ತಿಳಿಯಲಿ ಅಂತಲೇ ಅವರು ಅವನ್ನು ಬಾವಿವಾರು ಡಬ್ಬಿಯಲ್ಲಿ ಇಡುತ್ತಿದ್ದದ್ದು. ಹೆಸರು, ತಾರೀಖು ಬರೆಯುವ ಅಭ್ಯಾಸ ಅವರಿಗೆ ಇರಲಿಲ್ಲ. "ನೀರು ಯಾವ ಬಾವೀದೋ ಫೋಟೋ ಆ ಡಬ್ಬೀದು," ಅನ್ನುತ್ತಿದ್ದರು, ಅಷ್ಟೇ.

ಮೇಲಿನ ಬಾವಿಯದು ಸಿಹಿ ನೀರು. ಊರ ದೊಡ್ಡವರ ಮನೆಗಳಿಗೆ ಸೇರಿದ ಬಾವಿ. ನಮ್ಮ ಕೇರಿಯ ಹೆಂಗಸರು ಅದರ ಕಟ್ಟೆ ಹತ್ತುವಂತಿರಲಿಲ್ಲ. ನನ್ನ ಅಪ್ಪ ಗಾರೆ ಕೆಲಸದವನು. ಆ ಕಟ್ಟೆ ಕುಸಿದಾಗ ರಿಪೇರಿ ಮಾಡಿದವನು ಅವನೇ. ಕಲ್ಲು ಕೂರಿಸುವಾಗ ಬಾರದ ಮೈಲಿಗೆ ಹಗ್ಗ ಇಳಿಬಿಡುವಾಗ ಎಲ್ಲಿಂದ ಬರುತ್ತಿತ್ತೋ, ಅದನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ನನ್ನ ಅವ್ವ ಬಿಳಿಚೋಡಿನವಳು. ನಾನು ನಡೆಯಲು ಕಲಿಯುವ ಹೊತ್ತಿಗೆ ಜ್ವರ ಬಂದು ತೀರಿಕೊಂಡಳು. ಅವಳು ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಫೋಟೋ ತೆಗೆಸಿದ್ದಳಂತೆ. ಮಣ್ಣಿನ ಗೋಡೆಗೆ ತೂಗುಹಾಕಿದ್ದ ಅದಕ್ಕೆ ಹಿಂದಿನಿಂದ ಗೆದ್ದಲು ಹತ್ತಿ, ಗೊತ್ತಾಗುವಷ್ಟರಲ್ಲಿ ಕಟ್ಟು ಗಾಜು ಮಾತ್ರ ಉಳಿದಿತ್ತು. ಅವ್ವನ ಮುಖ ಹೇಗಿತ್ತು ಎಂದು ಅಪ್ಪನನ್ನು ಕೇಳಿದರೆ, "ನಿನ್ನಂಗೇ ಇದ್ಲು," ಅನ್ನುತ್ತಿದ್ದ. ಚಿಕ್ಕಮ್ಮನನ್ನು ಕೇಳಿದರೆ, "ನಿನ್ನಂಗೆ ಎಲ್ಲಿದ್ಲು, ಆಕಿ ಮೂಗೇ ಬ್ಯಾರೆ," ಅನ್ನುತ್ತಿದ್ದಳು. ಕನ್ನಡಿ ಮುಂದೆ ನಿಂತು ಮೂಗು ಮುಚ್ಚಿಕೊಂಡು ಅವ್ವನನ್ನು ಹುಡುಕಿದ್ದೂ ಉಂಟು... ತಾಯಿಯ ಮುಖವೇ ಗೊತ್ತಿಲ್ಲದೆ ಬೆಳೆಯುವುದು ಎಂಥ ಸಂಕಟ ಎಂದು ಬೇರೆಯವರಿಗೆ ಹೇಳಿ ತಿಳಿಸುವುದು ಕಷ್ಟ.

ಮೇಷ್ಟ್ರ ಕೆಲಸ ಸಿಕ್ಕ ವರ್ಷ, ಮನೆಗೆ ಸುಣ್ಣ ಹೊಡೆಸಿ ಗೋಡೆಗೆ ಬುದ್ಧನ ಪಟ ಹಾಕಿದೆವು. ಪಕ್ಕದ ಮೊಳೆ ಖಾಲಿ ಇತ್ತು. ಅಪ್ಪ ಅದನ್ನೇ ನೋಡುತ್ತ ಕೂತಿದ್ದ. ಆಗ ನನಗೆ ಡಬ್ಬಿಗಳ ನೆನಪಾಯಿತು. ಇಬ್ಬರೂ ಎದ್ದು ಸ್ಟುಡಿಯೋಗೆ ಹೋದೆವು.

ಮಾಮ ಕೇರಿ ಬಾವಿಯ ಡಬ್ಬಿಯನ್ನು ಮೇಜಿನ ಮೇಲೆ ಸುರಿದರು. ಕಿಟಕಿಯ ಬೆಳಕಿಗೆ ಒಂದೊಂದನ್ನೇ ಹಿಡಿದು ನೋಡುತ್ತ ಹೋದರು. ನಮ್ಮ ಕೇರಿ ಪೂರ್ತಿ ಅವರ ಬೆರಳುಗಳ ನಡುವೆ ಹಾದು ಹೋಯಿತು. ಸತ್ತವರು, ಊರು ಬಿಟ್ಟವರು, ಈಗ ಹಲ್ಲು ಉದುರಿದ ಚಿಕ್ಕಮ್ಮ ಆಗ ಮದುಮಗಳಾಗಿ... ಅವ್ವ ಮಾತ್ರ ಇರಲಿಲ್ಲ. ಮತ್ತೊಮ್ಮೆ ನೋಡಿದರು. ಇಲ್ಲ. ಅಪ್ಪನ ಮುಖ ಬಾಡಿತು. ಮಾಮನದು ಅದಕ್ಕಿಂತ ಹೆಚ್ಚು.

"ನನ್ನ ಕೈಲಿ ಒಂದು ನೆಗೆಟಿವ್ ಕಳದಿಲ್ಲ ಕಣಪ್ಪಾ ಇವತ್ತಿನ ತನಕ," ಎಂದರು. "ನಾಳೆ ಬರ್ರಿ, ಹುಡುಕ್ತೀನಿ."

ಮರುದಿನ ಹೋದಾಗ ಸಂತೆ ಬಾವಿ, ದರ್ಗಾ ಬಾವಿ, ಎಲ್ಲ ಡಬ್ಬಿಗಳೂ ಬಾಯಿ ಬಿಟ್ಟು ಕೂತಿದ್ದವು. ಮಾಮ ನಮ್ಮನ್ನು ಕತ್ತಲೆ ಕೋಣೆಗೆ ಕರೆದರು. ಕೆಂಪು ದೀಪದ ಕೆಳಗೆ, ಮದ್ದಿನ ನೀರು ತುಂಬಿದ ತಟ್ಟೆಗೆ ಒಂದು ಬಿಳಿ ಕಾಗದ ಇಳಿಬಿಟ್ಟರು. ಅದೇ ಹುಳಿ ವಾಸನೆ. ತಟ್ಟೆಯನ್ನು ಮೆಲ್ಲಗೆ ಅಲ್ಲಾಡಿಸುತ್ತಿದ್ದಂತೆ ಕಾಗದದ ಮೇಲೆ ಮೊದಲು ಜಲಪಾತ ಮೂಡಿತು. ಆಮೇಲೆ ಒಂದು ಕೂಸು, ನಾನು. ಆಮೇಲೆ ಒಂದು ಹೆಗಲು, ಕುತ್ತಿಗೆ, ತುಸು ಮೇಲೆತ್ತಿದ ಗದ್ದ...

"ಇಕೀನೇ," ಅಂದ ಅಪ್ಪ.

ನಾನು ತಟ್ಟೆಯ ಮೇಲೆ ಬಗ್ಗಿದ್ದೆ. ಮೂಗು ನನ್ನದಲ್ಲ, ಚಿಕ್ಕಮ್ಮ ಹೇಳಿದ್ದೇ ನಿಜ. ಕಣ್ಣು ನನ್ನವೇ. ಅವಳು ಫೋಟೋ ತೆಗೆಯುವವನನ್ನು ಹೆದರಿಸುವಂತೆ ನೇರ ನೋಡುತ್ತಿದ್ದಳು. ಅತ್ತೆನೋ ಇಲ್ಲವೋ ನೆನಪಿಲ್ಲ. ಅವ್ವಾ ಎಂದು ಕರೆದದ್ದು ನೆನಪಿದೆ.

ದೀಪ ಹಾಕಿದ ಮೇಲೆ ಅಪ್ಪ ಕೇಳಿದ, "ಎಲ್ಲಿ ಸಿಕ್ತು ಸಾಬ್ರೆ?"

ಮಾಮ ಕೈ ಒರೆಸಿಕೊಂಡರು. "ಮ್ಯಾಲಿನ ಬಾವಿ ಡಬ್ಬ್ಯಾಗೆ," ಎಂದರು.

"ಅದ್ರಾಗೆ ಹೆಂಗೆ ಬಂತು?"

"ಹೆಂಗೆ ಬರ್ತೈತೆ? ನೀರು ಅಲ್ಲೀದು. ಅದಕ್ಕೇ ನೋಡು, ಒಂದು ಚುಕ್ಕೆ ಇಲ್ಲ, ಸಾಫ್ ಐತೆ. ನಾನೂ ಮರೆತೇ ಬಿಟ್ಟಿದ್ದೆ. ಕೈಯಾಗೆ ಹಿಡ್ದಾಗ ನೆನಪಾತು."

ಆಮೇಲೆ ಅವರು ಹೇಳಿದರು. ಫೋಟೋಕ್ಕೆ ಮೊದಲು ಅವ್ವ ಒಮ್ಮೆ ಬಂದು ಕೇಳಿ ಹೋಗಿದ್ದಳಂತೆ. ಚಿಕ್ಕಮ್ಮನ ಫೋಟೋ ನೋಡಿ, ಮುಖದ ಮೇಲೆ ಸುಣ್ಣ ಚೆಲ್ಲಿದಂತೆ ಇದೇನಿದು ಎಂದು ಕೇಳಿದಳಂತೆ. ನೀರಿನ ಗುಣ ತಾಯಿ, ಮೇಲಿನ ಬಾವಿ ನೀರಾದರೆ ಹೀಗೆ ಆಗಲ್ಲ ಎಂದು ಇವರು ಸಹಜವಾಗಿ ಹೇಳಿದರಂತೆ. ಅಪ್ಪ ಚಿತ್ರದುರ್ಗದ ಕಡೆ ಕೆಲಸಕ್ಕೆ ಹೋಗಿದ್ದ ಸಮಯ. ಮರುದಿನ ಮಟಮಟ ಮಧ್ಯಾಹ್ನ, ಬಿಸಿಲಿಗೆ ನಾಯಿಯೂ ಬೀದಿಯಲ್ಲಿಲ್ಲದ ಹೊತ್ತಿನಲ್ಲಿ, ಅವ್ವ ಕಂಕುಳಲ್ಲಿ ನನ್ನನ್ನು, ತಲೆಯ ಮೇಲೆ ತುಂಬಿದ ಕೊಡವನ್ನು ಹೊತ್ತು ಬಂದಳಂತೆ.

"ಕೊಡ ಇಳಿಸಿ ಅಂದ್ಲು, 'ಇದು ಮ್ಯಾಲಿನ ಬಾವೀದು ಅಣ್ಣಾರೆ. ನನ್ನ ಮಖಕ್ಕೆ ಏನಾದ್ರೂ ಆಗ್ಲಿ, ಮಗೂ ಮಖಕ್ಕೆ ಒಂದು ಕಲೆ ಬೀಳಬಾರ್ದು.' ನಾನು ಹೋಗಿ ಬಾಗ್ಲು ಹಾಕ್ದೆ ಕಣಪ್ಪಾ. ಗೊತ್ತಾದ್ರೆ ಆಕೀನ ಬಿಡ್ತಿದ್ರಾ, ನನ್ನ ಬಿಡ್ತಿದ್ರಾ? ಆಕಿ ಮಾತ್ರ ಹೋಗಿ ಬೆಂಚಿನ ಮ್ಯಾಲೆ ಕುಂತು ಗದ್ದ ಎತ್ತಿದ್ಲು."

ಅಪ್ಪ ಆ ಹಸಿ ಫೋಟೋವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡ. "ಆ ಕಟ್ಟೆ ಕಲ್ಲೆಲ್ಲ ನಾನೇ ಕೂರ್ಸೀನಿ," ಎಂದ. "ಅದ್ರ ಒಂದು ತೊಟ್ಟು ನೀರು ನನ್ನ ಬಾಯಿಗೆ ಬಿದ್ದಿಲ್ಲ. ಇಕಿ ಕೊಡಾನೇ ತುಂಬ್ಕೊಂಡು ಬಂದಾಳೆ. ನನಗೂ ಹೇಳ್ಲಿಲ್ಲ ನೋಡು." ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ. ಮನೆಗೆ ಬರುವ ದಾರಿಯುದ್ದಕ್ಕೂ ಮದುವೆಯ ಹೊಸದರಲ್ಲಿ ಇದ್ದಂತೆ ಹೆಂಡತಿಯ ಮಾತೇ ಆಡಿದ.

ಮಾಮ ಆ ದಿನ ಹೆದರಿ ಕೊಡದ ನೀರನ್ನು ಚೆಲ್ಲಬಹುದಿತ್ತು. ಆ ನೀರಿನಲ್ಲೇ ತೊಳೆದು ನೆಗೆಟಿವನ್ನು ಕೇರಿ ಬಾವಿಯ ಡಬ್ಬಿಗೆ ಸೇರಿಸಬಹುದಿತ್ತು, ಅದೇ ಕ್ಷೇಮವಾಗಿತ್ತು. ಅವರು ಹಾಗೆ ಮಾಡಲಿಲ್ಲ. ಮೇಲಿನ ಬಾವಿಯ ಡಬ್ಬಿಯಲ್ಲಿ, ಗೌಡರ, ಶಾನುಭೋಗರ ಮನೆಯವರ ನಡುವೆ ನನ್ನ ಅವ್ವನನ್ನು ಇಟ್ಟರು. ಹಾಗೆ ಇಡದೆ ಹೋಗಿದ್ದರೆ ನನಗೆ ಅವ್ವನ ಮುಖವಷ್ಟೇ ಸಿಗುತ್ತಿತ್ತು, ಅವ್ವ ಸಿಗುತ್ತಿರಲಿಲ್ಲ. ಈ ಉಪಕಾರವನ್ನು ಹೇಗೆ ತೀರಿಸಲಿ?

ಊರಿಗೆ ಕಲರ್ ಫೋಟೋ ಬಂತು, ಆಮೇಲೆ ಎಲ್ಲರ ಕೈಗೂ ಮೊಬೈಲ್ ಬಂತು. ಮಾಮನ ಸ್ಟುಡಿಯೋ ಬಾಗಿಲು ಹಾಕಿತು. ಹಳೆಯ ನೆಗೆಟಿವ್ ಕೊಂಡು, ಸುಟ್ಟು ಅದರೊಳಗಿನ ಬೆಳ್ಳಿ ತೆಗೆಯುವವನೊಬ್ಬ ಚೀಲ ಹಿಡಿದು ಬಂದಾಗ, ಮುದುಕರಾಗಿದ್ದ ಮಾಮ ಮಂಚದಿಂದ ಎದ್ದು ಕೂತು, "ಇಷ್ಟು ಮಂದೀನ ಒಲಿಗೆ ಹಾಕು ಅಂತೀಯೇನೋ? ಏಳು, ಎದ್ದು ಹೋಗು," ಎಂದು ಗದರಿಸಿ ಕಳಿಸಿದರಂತೆ. ಅದಾದ ಮೇಲೆ ನನಗೆ ಹೇಳಿಕಳಿಸಿದರು. ಡಬ್ಬಿಗಳು ಹೊಸ್ತಿಲ ಬಳಿ ಸಾಲಾಗಿ ಕೂತಿದ್ದವು.

"ನನ್ನ ಮಕ್ಕಳು ಒಳ್ಳೇರೇ. ಆದ್ರೆ ಅವರಿಗೆ ಇದು ಬರೀ ತಗಡು," ಎಂದರು. "ನಿನ್ನ ಅವ್ವ ಇದ್ರಾಗೆ ಅದಾಳೆ. ನೀನು ಒಲಿಗೆ ಹಾಕಾಕೆ ಬಿಡಲ್ಲ. ಒಂದು ಮಾತು ಮಗಳೇ, ಡಬ್ಬಿ ಕಲಸಬ್ಯಾಡ."

ನಾನು ಕಲಸಿಲ್ಲ. ಆ ಬಾವಿಗಳು ಈಗ ಇಲ್ಲ. ಕೇರಿ ಬಾವಿ ಮುಚ್ಚಿ ಅಂಗನವಾಡಿ ಕಟ್ಟಿದರು. ಮೇಲಿನ ಬಾವಿ ಇದ್ದ ಕಡೆ ಅಂಗಡಿ ಮಳಿಗೆಗಳಿವೆ, ಅಲ್ಲೇ ನಾನು ಮೊಬೈಲಿಗೆ ಕರೆನ್ಸಿ ಹಾಕಿಸುತ್ತೇನೆ. ಯಾರು ಯಾವ ನೀರು ಕುಡಿದರು, ಯಾರನ್ನು ಯಾವ ಕಟ್ಟೆಯಿಂದ ದೂರ ಇಟ್ಟರು ಎನ್ನುವುದಕ್ಕೆ ನಮ್ಮೂರಲ್ಲಿ ಉಳಿದಿರುವುದು ಈ ಬಿಸ್ಕತ್ತಿನ ಡಬ್ಬಿಗಳೇ.

ಸ್ಕ್ಯಾನ್ ಮಾಡಲು ಬರುವ ಹುಡುಗಿ ಚುರುಕು. ನನ್ನ ಹಳೇ ವಿದ್ಯಾರ್ಥಿನಿಯ ಮಗಳು. ಮೊದಲ ವಾರ ಕಂಪ್ಯೂಟರಿನಲ್ಲಿ ಎಲ್ಲರನ್ನೂ ಬೀದಿ, ಮನೆತನದ ಪ್ರಕಾರ ಜೋಡಿಸೋಣ ಎಂದಳು. ಮಾಡಮ್ಮ, ಆದರೆ 'ನೀರು' ಎಂದು ಒಂದು ಕಾಲಂ ಇರಲಿ, ಡಬ್ಬಿಗಳು ಇದ್ದ ಹಾಗೇ ಇರಲಿ ಎಂದೆ. ಇವತ್ತು ಮೇಲಿನ ಬಾವಿಯ ಡಬ್ಬಿ ತೆಗೆದಾಗಲೇ ಆ ವಾಸನೆ ಬಂದದ್ದು. ಅವಳು ಒಂದು ನೆಗೆಟಿವ್ ಎತ್ತಿ ಹಿಡಿದಳು. ಅಂಚು ಸುಕ್ಕಾಗಿ ಮುದುಡಿದೆ.

"ಮೇಡಂ, ಇದು ನಿಮ್ಮ ಮನೇಲಿರೋ ಫೋಟೋ ಅಲ್ವಾ? ನಿಮ್ಮ ಅಮ್ಮ? ಇಲ್ಲಿ ಹೆಂಗೆ ಸೇರ್ಕೊಂಡೈತೆ ಇದು... ಕೇರಿ ಬಾವಿ ಡಬ್ಬಿಗೆ ಹಾಕ್ಲಾ?"

"ಬ್ಯಾಡಮ್ಮ," ಎಂದೆ. "ಆಕಿ ಮ್ಯಾಲಿನ ಬಾವಿಗೆ ತಾನಾಗೇ ಹೋದೋಳು. ಅಲ್ಲೇ ಇರ್ಲಿ."

ಅವಳಿಗೆ ಕತೆ ಹೇಳಿದೆ. ಕೇಳಿ ಮುಗಿಸಿ ಅವಳು ಒಂದೇ ಪ್ರಶ್ನೆ ಕೇಳಿದಳು, ಅಮ್ಮ ಆ ಮಾತು ಹೇಳುವಾಗ ಹೆಂಗೆ ಹೇಳಿರಬಹುದು ಮೇಡಂ, ಜೋರಾಗಾ, ಪಿಸುಮಾತಿನಲ್ಲಾ? ಆ ದನಿ ಕೇಳಿದ್ದವರು ಮಾಮ ಒಬ್ಬರೇ. ಅವರು ಮಣ್ಣಾಗಿ ಕೆಲವು ವರ್ಷಗಳಾದವು, ಅವ್ವನ ದನಿಯೂ ಅವರ ಜೊತೆಗೇ ಹೋಯಿತು. ಹೋಗದಂತೆ ಅವರು ಹಿಡಿದಿಟ್ಟ ಮುಖ ನನ್ನೆದುರಿಗಿದೆ, ಒಂದು ಚುಕ್ಕೆಯೂ ಇಲ್ಲದೆ.

ಹುಡುಗಿ ಅವ್ವನನ್ನು ಸ್ಕ್ಯಾನರ್ ಮೇಲೆ ಮಲಗಿಸಿದಳು. ಹೆಸರು ಟೈಪ್ ಮಾಡಿದಳು. ನೀರು ಎನ್ನುವ ಕಾಲಂಗೆ ಬಂದಾಗ ನನ್ನ ಮುಖ ನೋಡಿದಳು. ಮೇಲಿನ ಬಾವಿ ಎಂದು ಅವಳೇ ಬರೆದಳು.