ಜೋಲಿಗೊಂದು ಕೊಕ್ಕೆ ಬೇಕಾಗಿದೆ

ಹೋದ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ನಮ್ಮ ಮನೆಯ ಹಾಲ್‌ನಲ್ಲಿ ನಿಂತು, ಎಪ್ಪತ್ತು ದಾಟಿದ ಮನುಷ್ಯರೊಬ್ಬರ ಮೇಲೆ ನಾನು ಬಾಯಿಗೆ ಬಂದಂತೆ ಕೂಗಾಡಿದೆ. ನನ್ನ ಕೈಯಲ್ಲಿ ಒಂದು ಕಬ್ಬಿಣದ ಕೊಕ್ಕೆ ಇತ್ತು. ಹೊಟ್ಟೆಯಲ್ಲಿ ಏಳು ತಿಂಗಳ ಮಗು ಇತ್ತು. ಡ್ರಿಲ್ ಮಷಿನ್ ಹಿಡಿದು ಏಣಿ ಹತ್ತಿದ್ದ ಎಲೆಕ್ಟ್ರಿಷಿಯನ್ ಸೆಲ್ವಂ, ಇಳಿಯಬೇಕೋ ಅಲ್ಲೇ ಇರಬೇಕೋ ತಿಳಿಯದೆ ನಮ್ಮಿಬ್ಬರನ್ನೂ ನೋಡುತ್ತಾ ನಿಂತಿದ್ದ.

ಬಸುರಿ ಹೆಂಗಸು ಕೋಪ ಮಾಡಿಕೊಳ್ಳಬಾರದಂತೆ. ಗೊತ್ತು ಸ್ವಾಮಿ. ಡಾಕ್ಟರ್ ಹೇಳಿದ್ದಾರೆ, ಅತ್ತೆ ಹೇಳಿದ್ದಾರೆ, ತರಕಾರಿ ಗಾಡಿಯವಳೂ ಹೇಳಿದ್ದಾಳೆ. ಆದರೆ ಬಸುರಿಗೆ ಕೋಪ ಬರಿಸಬಾರದು ಅಂತ ಬೇರೆಯವರಿಗೆ ಯಾರಾದರೂ ಹೇಳಿದ್ದಾರಾ?

ಆ ಹಿರಿಯರು ನಮ್ಮ ಮನೆ ಓನರ್. ಕೆಳಗೆ ಅವರು, ಮೇಲೆ ನಾವು. ನಾವು ಎಂದರೆ ನಾನು, ನನ್ನ ಗಂಡ ಶಿವು, ಆರು ವರ್ಷದ ಮಗಳು ಗೌರಿ. ಎರಡನೆಯ ಹೆರಿಗೆ ಗಂಡನ ಮನೆಯಲ್ಲಿ ಅನ್ನುವುದು ನಮ್ಮ ಚಾಮರಾಜನಗರದ ಕಡೆಯ ರೂಢಿ. ಗಂಡನ ಮನೆ ಅಂದರೆ ಸದ್ಯಕ್ಕೆ ಚೆನ್ನೈನ ವಡಪಳನಿಯ ಈ ಎರಡು ಕೋಣೆ. ಅದೂ ಇನ್ನೊಬ್ಬರದು.

ಶಿವು ಡಬ್ಬಿಂಗ್ ಸ್ಟುಡಿಯೋದಲ್ಲಿ ಸೌಂಡ್ ಕೆಲಸ ಮಾಡುತ್ತಾರೆ. ಮೊದಲು ವಾರಕ್ಕೆ ಆರು ದಿನ ಕೆಲಸ ಇತ್ತು. ಈಗ ಮಷಿನ್ನೇ ಮಾತಾಡುತ್ತದಂತೆ, ಹಾಗಾಗಿ ಮೂರು ದಿನ. ನಾನು ಮನೆಯಲ್ಲೇ ಕೂತು ಸಬ್‌ಟೈಟಲ್ ಬರೆಯುತ್ತೇನೆ. ನನಗೆ ಹೆರಿಗೆ ರಜೆ ಕೊಡುವವರು ಯಾರೂ ಇಲ್ಲ. ಟೈಪ್ ಮಾಡಿದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಬಾಣಂತನದ ಎರಡನೆಯ ತಿಂಗಳಿಗೇ ನಾನು ಮತ್ತೆ ಲ್ಯಾಪ್‌ಟಾಪ್ ಮುಂದೆ ಕೂರಬೇಕು.

ಹಾಗಿದ್ದ ಮೇಲೆ ಮಗುವಿಗೆ ತಯಾರಿ ಹೇಗೆ? ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಹಾಗೆ. ಗೌರಿಯ ಹಳೆ ಬಟ್ಟೆಗಳನ್ನು ಅಟ್ಟದಿಂದ ಇಳಿಸಿ, ಕುದಿಸಿ, ಒಣಗಿಸಿ ಇಟ್ಟೆ. ಅತ್ತೆ ತಮ್ಮ ಹಳೆಯ ವಾಯಿಲ್ ಸೀರೆಗಳನ್ನೂ ಮಾವನ ಪಂಚೆಗಳನ್ನೂ ಗಂಟು ಕಟ್ಟಿ ಕಳಿಸಿದರು. ಹತ್ತಾರು ವರ್ಷ ಒಗೆದು ಒಗೆದು ಬೆಣ್ಣೆಯ ಹಾಗಾಗಿರುವ ಬಟ್ಟೆ. ಪಂಚೆ ಹರಿದು ಲಂಗೋಟಿ ಆಯಿತು. ಸೀರೆ ಜೋಲಿಗೆ.

ಜೋಲಿ ಗೊತ್ತಲ್ಲ? ಒಂದು ಸೀರೆ, ಒಂದು ಹಗ್ಗ, ಸೂರಿನಲ್ಲಿ ಒಂದು ಕೊಕ್ಕೆ. ಅಷ್ಟೇ. ತಮಿಳಿನಲ್ಲಿ ತೂಳಿ ಅಂತಾರೆ. ಮಗುವನ್ನು ತೂಗುವುದಕ್ಕೆ ಇದಕ್ಕಿಂತ ಸುಲಭದ್ದನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಗೌರಿ ಹುಟ್ಟಿದಾಗ ನಾವು ಮಾಧವರಂನಲ್ಲಿದ್ದೆವು. ಆ ಹಳೆ ಮನೆಯ ಚಾವಣಿಯಲ್ಲಿ ಕೊಕ್ಕೆ ಇತ್ತು. ಜೋಲಿಗೆ ಒಂದು ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ನನ್ನ ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಳ್ಳುತ್ತಿದ್ದೆ. ಕಾಲು ತೂಗುತ್ತಿತ್ತು, ಕೈ ಟೈಪ್ ಮಾಡುತ್ತಿತ್ತು. ಗೌರಿ ಗಂಟೆಗಟ್ಟಲೆ ಮಲಗುತ್ತಿದ್ದಳು. ಒಂದೂವರೆ ವರ್ಷ ನಮ್ಮ ಸಂಸಾರ ಆ ಹೆಬ್ಬೆರಳಿನ ಮೇಲೆ ನಡೆಯಿತು ಅಂದರೆ ತಪ್ಪಿಲ್ಲ.

ಈ ಮನೆಯಲ್ಲಿ ಫ್ಯಾನ್ ಬಿಟ್ಟರೆ ಸೂರಿನಲ್ಲಿ ಇನ್ನೇನೂ ಇಲ್ಲ.

ತೊಟ್ಟಿಲು ಕೊಳ್ಳಬಾರದಾ ಅಂತ ಕೇಳುತ್ತೀರಿ. ನೋಡಲಿಕ್ಕೆ ಹೋಗಿದ್ದೆವು. ಶಿವು ಗೆಳೆಯರೊಬ್ಬರು ಯಾವುದೋ ಡಿಸ್ಕೌಂಟ್ ಕೂಪನ್ ಕೊಟ್ಟಿದ್ದರು. ಪೆರುಂಗುಡಿಯ ಆಫೀಸುಗಳ ನಡುವೆ ಒಂದು ಮಕ್ಕಳ ಅಂಗಡಿ. ಒಳಗೆ ಎಸಿಯ ಚಳಿ, ಹೊರಗಿನ ಸೆಕೆ ಮರೆತೇ ಹೋಗಬೇಕು. ಸೇಲ್ಸ್ ಹುಡುಗಿ ಒಂದು ತೊಟ್ಟಿಲು ತೋರಿಸಿದಳು. ತಾನಾಗಿಯೇ ತೂಗುತ್ತದೆ, ತಾನಾಗಿಯೇ ಜೋಗುಳ ಹಾಡುತ್ತದೆ, ಮಗು ಅತ್ತರೆ ಫೋನಿಗೆ ಮೆಸೇಜ್ ಬರುತ್ತದೆ. (ಪಕ್ಕದಲ್ಲೇ ಕೂತ ತಾಯಿಗೆ ಮಗು ಅತ್ತದ್ದು ಫೋನಿನಿಂದ ಗೊತ್ತಾಗಬೇಕಾ?) ಬೆಲೆಯ ಚೀಟಿ ನೋಡಿದ ಶಿವು ಅದನ್ನು ಮೆಲ್ಲಗೆ ಮಗುಚಿ ಇಟ್ಟರು.

ಹುಡುಗಿ ಬಿಡಲಿಲ್ಲ. "ಬೇಬಿ ಸೇಫ್ಟಿಯಲ್ಲಿ ಮಾತ್ರ ಕಾಂಪ್ರಮೈಸ್ ಮಾಡಬೇಡಿ ಮೇಡಂ," ಅಂದಳು.

ಮೈ ಉರಿದುಹೋಯಿತು. ಕೊಂಡರೆ ಒಳ್ಳೆ ತಾಯಿ, ಕೊಳ್ಳದಿದ್ದರೆ ಕೊಲೆಗಡುಕಿ ಅನ್ನುವ ಹಾಗೆ ಮಾತಾಡಲು ಇವರಿಗೆ ಟ್ರೈನಿಂಗ್ ಕೊಡುತ್ತಾರಾ? ಪಾಪ, ಆ ಹುಡುಗಿಯೇನೋ ಹೊಟ್ಟೆಪಾಡಿಗೆ ಹೇಳಿದಳು. ಹೇಳಿಸುವವರು ಎಲ್ಲೋ ಕೂತಿದ್ದಾರೆ. ಇನ್ನು ಕಬ್ಬಿಣದ ಸ್ಟ್ಯಾಂಡ್ ಇಡಬಹುದು ಅನ್ನುವವರಿಗೆ ಒಂದು ಮಾತು: ನಮ್ಮ ರೂಮಿನಲ್ಲಿ ಸ್ಟ್ಯಾಂಡ್ ಇಟ್ಟರೆ ನಾವು ಮೂರು ಜನ ಬಾಲ್ಕನಿಯಲ್ಲಿ ಮಲಗಬೇಕು. ಬಾಲ್ಕನಿ ಇಲ್ಲ.

ಸರಿ, ಒಂದು ಕೊಕ್ಕೆ ಹಾಕಿಸಿಕೊಂಡರಾಯಿತು. ಓನರ್‌ಗೆ ವಾಟ್ಸಾಪ್‌ನಲ್ಲಿ ವಿನಯವಾಗಿ ಕೇಳಿದೆ. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಎರಡು ವಾರ ಕಾದೆ. ಮೌನಂ ಸಮ್ಮತಿ ಲಕ್ಷಣಂ ಅಂದುಕೊಂಡು ಸೆಲ್ವಂನನ್ನು ಕರೆಸಿದೆ. ತಪ್ಪು ನನ್ನದೇ, ಒಪ್ಪುತ್ತೇನೆ. ಬಾಡಿಗೆದಾರರ ವಿಷಯದಲ್ಲಿ ಮೌನಕ್ಕೆ ಬೇರೆ ಅರ್ಥ ಇದೆ.

ಡ್ರಿಲ್ ಒಂದು ಸಲ 'ಡರ್ರ್' ಅಂದಿತೋ ಇಲ್ಲವೋ, ಓನರ್ ಮೆಟ್ಟಿಲು ಹತ್ತಿ ಬಂದೇಬಿಟ್ಟರು. ಮಂಡಿನೋವು ಅಂತ ಟೆರೇಸಿಗೂ ಬಾರದ ಮನುಷ್ಯ!

"ಹೋಲ್ ಪೋಡಕ್ಕೂಡಾದುಮ್ಮಾ! ಸ್ಲ್ಯಾಬ್ ಬಿರುಕು ಬಿಟ್ಟರೆ ಯಾರು ಜವಾಬ್ದಾರಿ?" (ತೂತು ಹಾಕಬಾರದಮ್ಮಾ ಅಂತ. ಮಾತೆಲ್ಲ ತಮಿಳಿನಲ್ಲೇ ನಡೆದದ್ದು. ನಿಮಗಾಗಿ ಕನ್ನಡಕ್ಕೆ ತರುತ್ತಿದ್ದೇನೆ, ಬೈಗುಳ ಬಿಟ್ಟು.)

"ಅಂಕಲ್, ಎಸಿಗೆ ಅಂತ ನೀವೇ ಆ ಗೋಡೆಗೆ ತೆಂಗಿನಕಾಯಿ ತೂರುವಷ್ಟು ದೊಡ್ಡ ತೂತು ಮಾಡಿಸಿದ್ದೀರಿ. ಆಗ ಮನೆ ಬಿರುಕು ಬಿಡಲಿಲ್ವಾ?" ಅಂದೆ. (ನಮ್ಮ ಹತ್ತಿರ ಎಸಿ ಇಲ್ಲ. ತೂತು ಇದೆ. ಅದರಲ್ಲಿ ಪಾರಿವಾಳ ಮೊಟ್ಟೆ ಇಟ್ಟಿದೆ.)

"ಎಸಿ ಬೇರೆ, ಇದು ಬೇರೆ," ಅಂದರು.

ಆಗ ಏಣಿಯ ಮೇಲಿನಿಂದ ಸೆಲ್ವಂ ಬಾಯಿ ಬಿಟ್ಟ. "ಸಾರ್, ಇಲ್ಲಿ ಮೊದಲೇ ಕೊಕ್ಕೆ ಇತ್ತು ಸಾರ್. ಯಾರೋ ಕೊಯ್ದಿದ್ದಾರೆ." ಉಗುರಿನಲ್ಲಿ ಸುಣ್ಣ ಕೆರೆದು ತೋರಿಸಿದ. ನಿಜ. ಸ್ಲ್ಯಾಬಿನೊಳಗಿಂದ ಬಂದ ಎರಡು ಕಬ್ಬಿಣದ ಮೊಂಡು ತುದಿಗಳು, ಚಾವಣಿಗೆ ಸಮನಾಗಿ ಕತ್ತರಿಸಿ ಮೇಲೆ ಬಣ್ಣ ಬಳಿದದ್ದು.

ಗಂಡನ ಹಿಂದೆಯೇ ಮೆಟ್ಟಿಲು ಹತ್ತಿ ಬಂದಿದ್ದ ಓನರ್ ಹೆಂಡತಿ ಬಾಗಿಲ ಹತ್ತಿರ ನಿಂತಿದ್ದರು. ಅವರೇ, "ನಮ್ಮ ಮೊಮ್ಮಗ ಅದರಲ್ಲೇ ಮಲಗುತ್ತಿದ್ದ. ಮನೆ ಬಾಡಿಗೆಗೆ ಕೊಡುವಾಗ ಇವರೇ ಕೊಯ್ಯಿಸಿಬಿಟ್ಟರು. ಕೊಕ್ಕೆ ಕಂಡರೆ ಕೈಗೂಸಿನವರೇ ಬರ್ತಾರೆ ಅಂತ," ಅಂದರು. ಆಮೇಲೆ ಹೇಳಬಾರದಿತ್ತೇನೋ ಅನ್ನುವ ಹಾಗೆ ಸೆರಗು ಬಾಯಿಗೆ ಹಿಡಿದುಕೊಂಡರು.

ಓದುಗರೇ, ನೀವೇ ಹೇಳಿ. ಗರಗಸ ತಂದು, ಏಣಿ ಹಾಕಿ, ತಮ್ಮ ಮೊಮ್ಮಗ ಮಲಗಿದ ಕೊಕ್ಕೆಯನ್ನೇ ಕೊಯ್ಯಿಸುವುದು. ಯಾಕೆ? ಇನ್ನೊಬ್ಬರ ಮಗು ಅಲ್ಲಿ ಮಲಗಬಾರದು ಅಂತ. ಇದಕ್ಕೆ ಎಷ್ಟು ಮುಂದಾಲೋಚನೆ ಬೇಕು!

ಓನರ್‌ಗೆ ನಾಚಿಕೆ ಆಯಿತು ಅಂದುಕೊಂಡಿರಾ? "ಹೌದು. ತಪ್ಪೇನು?" ಅಂದರು. "ಮಗು ಅಂದರೆ ದಿನವಿಡೀ ಬಟ್ಟೆ ಒಗೆಯೋದು, ನೆಂಟರು ಬರೋದು, ನೀರು ಖಾಲಿ. ನನ್ನ ಮೋಟರ್ ಎಷ್ಟು ಸಲ ಓಡಬೇಕು? ಅಗ್ರಿಮೆಂಟ್‌ನಲ್ಲಿ ಮೂರು ಜನ ಅಂತ ಇದೆ. ನಾಲ್ಕನೆಯವರನ್ನ ಯಾರನ್ನ ಕೇಳಿ ತಂದ್ರಿ?"

ಯಾರನ್ನು ಕೇಳಿ!

ಅಲ್ಲಿಯವರೆಗೆ ತಡೆದುಕೊಂಡಿದ್ದು ಅಲ್ಲಿಗೆ ಮುಗಿಯಿತು. "ಇದಕ್ಕೂ ನಿಮ್ಮ ಪರ್ಮಿಷನ್ ತಗೋಬೇಕಿತ್ತಾ ಅಂಕಲ್? ವಾಟ್ಸಾಪ್ ಮಾಡ್ಬೇಕಿತ್ತಾ?" ಎಂದು ಕೂಗಿದೆ. ಆಮೇಲೆ ಏನೇನು ಕೂಗಿದೆನೋ ನೆನಪಿಲ್ಲ. ತಮಿಳು ಸಾಲದೆ ಕನ್ನಡಕ್ಕೆ ಬಂದೆ, ಅಷ್ಟು ನೆನಪಿದೆ. ಶಿವು ಕಿವಿಯವರೆಗೆ ಕೆಂಪಾಗಿ, "ಸಾಕು ಬಿಡೇ, ಸಾಕು ಬಿಡು," ಅನ್ನುತ್ತಿದ್ದರು. ಸೆಲ್ವಂ ಏಣಿ ಮಡಿಸಿಕೊಂಡು ಹೋದ, ಕೂಲಿಯನ್ನೂ ಕೇಳಲಿಲ್ಲ. ಎಲ್ಲ ಮುಗಿದ ಮೇಲೆ ಗೌರಿ ನನ್ನ ನೈಟಿ ಜಗ್ಗಿ, "ಅಮ್ಮಾ, ಪಾಪಾಕ್ಕು ತೂಳಿ ಇಲ್ಲೆಯಾ?" ಅಂದಳು. ಪಾಪುಗೆ ಜೋಲಿ ಇಲ್ವಾ ಅಂತ. ಆಗ ಅಳು ಬಂತು.

ಈಗ, ಚೆನ್ನೈನವರೇ ಹೀಗೆ ಅಂತ ಯಾರೂ ಖುಷಿಪಡಬೇಡಿ. ಅವತ್ತೇ ಸಂಜೆ ಸಮಾಧಾನಕ್ಕೆಂದು ಮೈಸೂರಿನ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅವರದೂ ಮೇಲುಗಡೆ ಒಂದು ಬಾಡಿಗೆ ಮನೆ ಇದೆ. ಎಲ್ಲ ಕೇಳಿಸಿಕೊಂಡು ಚಿಕ್ಕಪ್ಪ ಹೇಳಿದ್ದು: "ನೀ ಬೇಜಾರ್ ಮಾಡ್ಕಬ್ಯಾಡ ಕಣವ್ವ. ಆದ್ರೆ ಅವ್ರು ಹೇಳದ್ರಲ್ಲೂ ನ್ಯಾಯ ಅದೆ. ನಾನೂ ಮಕ್ಕಳಿರೋರ್ಗೆ ಕೊಡಕಿಲ್ಲ. ಗೋಡೆ ತುಂಬ ಗೀಚ್ತಾವೆ."

ಈ ಚಿಕ್ಕಪ್ಪನೇ ನಾನು ಬಸುರಿ ಅಂತ ಗೊತ್ತಾದಾಗ ಇಡೀ ಬೀದಿಗೆ ಸಕ್ಕರೆ ಹಂಚಿದ್ದು!

ಎಂಥ ಜನ ನಾವು? ಮಗು ಬೇಕು ಅಂತ ದೇವಸ್ಥಾನದ ಮರಕ್ಕೆ ಪುಟ್ಟ ತೊಟ್ಟಿಲು ಕಟ್ಟುತ್ತೇವೆ. ಮದುವೆಯಾಗಿ ಆರು ತಿಂಗಳಿಗೆ "ಏನೂ ವಿಶೇಷ ಇಲ್ವಾ?" ಅಂತ ಶುರುಮಾಡುತ್ತೇವೆ. ಗೌರಿ ಹುಟ್ಟಿದ ಮೇಲೆ ನನ್ನನ್ನು "ಇನ್ನೊಂದು ಯಾವಾಗ?" ಅಂತ ಕೇಳದವರಿಲ್ಲ. ಈ ಓನರ್ ಹೆಂಡತಿಯೂ ಕೇಳಿದ್ದರು. ಈಗ ಇನ್ನೊಂದು ಬರುತ್ತಿದೆ. ತಗೊಳ್ಳಿ ಅಂದರೆ ಎಲ್ಲರೂ ತಮ್ಮ ತಮ್ಮ ಬಾಗಿಲು ನೋಡಿಕೊಳ್ಳುತ್ತಿದ್ದಾರೆ. ಹರಸುವುದಕ್ಕೆ ಖರ್ಚಿಲ್ಲ ನೋಡಿ. ಬಾಯಿಮಾತು, ಎರಡು ಅಕ್ಷತೆ ಕಾಳು. ಜಾಗ ಕೊಡು ಅಂದಾಗ ಮೋಟರ್ ನೆನಪಾಗುತ್ತದೆ.

ಸೋಮವಾರ, ಮಂಗಳವಾರ ನಾನೂ ಶಿವುವೂ ಬೇರೆ ಮನೆ ಹುಡುಕಿದೆವು. ಬ್ರೋಕರ್‌ಗಳು ಮೊದಲು ನನ್ನ ಹೊಟ್ಟೆ ನೋಡುತ್ತಿದ್ದರು, ಆಮೇಲೆ ಮುಖ. ಒಬ್ಬ, "ಡೆಲಿವರಿ ಆಗಲಿ ಮೇಡಂ, ಆಮೇಲೆ ನೋಡೋಣ," ಅಂದ. ಇನ್ನೊಂದು ಮನೆಯ ಓನರಮ್ಮ ನನ್ನನ್ನು ಕೂರಿಸಿ, ಮಜ್ಜಿಗೆ ಕೊಟ್ಟು, ಹೆರಿಗೆ ಸುಖವಾಗಿ ಆಗಲಿ ಎಂದು ಕುಂಕುಮ ಇಟ್ಟು, ಮನೆ ಆಗಲೇ ಬೇರೆಯವರಿಗೆ ಆಗಿಹೋಗಿದೆ ಅಂದರು. ನಾವು ಗೇಟು ದಾಟುವಾಗಲೂ ಟು-ಲೆಟ್ ಬೋರ್ಡು ನೇತಾಡುತ್ತಲೇ ಇತ್ತು.

ಮೊನ್ನೆ ಗುರುವಾರ ನಮ್ಮ ಓನರ್ ಮತ್ತೆ ಮೇಲೆ ಬಂದರು. ಮುಖ ಶಾಂತವಾಗಿತ್ತು. ಕೈಯಲ್ಲಿ ಹೊಸ ಅಗ್ರಿಮೆಂಟ್. ಹನ್ನೊಂದು ತಿಂಗಳದ್ದು ಹೇಗೂ ಮುಗಿಯುತ್ತಾ ಬಂದಿತ್ತು. ವಾಸಿಸುವವರ ಸಂಖ್ಯೆ ಅಂತ ಇದ್ದ ಕಡೆ ಮೂರು ಹೋಗಿ ನಾಲ್ಕು ಆಗಿತ್ತು. ನಾಲ್ಕನೆಯವರ ಲೆಕ್ಕಕ್ಕೆ ಬಾಡಿಗೆಯೂ ಏರಿತ್ತು, ನೀರಿನದ್ದು ಬೇರೆ. ಮುಂದಿನ ಒಂದನೇ ತಾರೀಖಿನಿಂದಲೇ ಜಾರಿ. ಡಾಕ್ಟರ್ ಕೊಟ್ಟಿರುವ ತಾರೀಖು ಅದಕ್ಕೂ ಎಷ್ಟೋ ವಾರ ಆಚೆ ಇದೆ ಅಂತ ಶಿವು ಮೆಲ್ಲಗೆ ಹೇಳಿ ನೋಡಿದರು. "ನಡುವೆ ನಡುವೆ ಚೇಂಜ್ ಮಾಡಿದರೆ ಕನ್‌ಫ್ಯೂಷನ್ ಆಗುತ್ತೆ ತಂಬಿ," ಅಂದರು ಓನರ್.

ಶಿವು ಸಹಿ ಹಾಕಿದರು. ಪೆನ್ನು ನನ್ನ ಕೈಗೆ ಬಂತು.

"ಅಂಕಲ್, ಕೊಕ್ಕೆ?" ಅಂದೆ.

"ಅದು ಬೇರೆ ವಿಷಯಮ್ಮಾ. ಬಾಡಿಗೆ ಬೇರೆ, ಹೋಲ್ ಬೇರೆ."

ಸಹಿ ಹಾಕಿದೆ. ಹಾಕದೆ ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ಎಲ್ಲಿಗೆ ಹೋಗಲಿ? ಅಗ್ರಿಮೆಂಟ್ ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡು ಅವರು ಇಳಿದು ಹೋದರು.

ಆ ನಾಲ್ಕನೆಯವರಿಗೆ ಇನ್ನೂ ಹೆಸರಿಲ್ಲ. ಗಂಡೋ ಹೆಣ್ಣೋ ಗೊತ್ತಿಲ್ಲ. ಒಂದು ಬಕೆಟ್ ನೀರು ಖರ್ಚು ಮಾಡಿಲ್ಲ, ಗೋಡೆಯ ಮೇಲೆ ಒಂದು ಗೆರೆ ಎಳೆದಿಲ್ಲ. ಆದರೆ ಮುಂದಿನ ಒಂದನೇ ತಾರೀಖಿನಿಂದ ಈ ಮನೆಗೆ ಬಾಡಿಗೆ ಕೊಡುತ್ತಾರೆ. ಬಾಡಿಗೆ ಕೊಡುವವರಿಗೆ ಒಂದು ಪ್ರಶ್ನೆ ಕೇಳುವ ಹಕ್ಕಾದರೂ ಇರುತ್ತದಲ್ಲ? ಅವರಿಗಿನ್ನೂ ಮಾತು ಬರುವುದಿಲ್ಲ, ಅವರ ಪರವಾಗಿ ನಾನೇ ಕೇಳುತ್ತಿದ್ದೇನೆ.

ಓನರ್ ಸಾರ್, ನನ್ನ ಕೊಕ್ಕೆ ಎಲ್ಲಿ?