ನೆವೆನಾ ಕನೆಕ್ಷನ್ನಿಗೆ ಇಟ್ಟ ಹೆಸರು

ಡೊಬ್ರಿ ಮಿಂಚೆವ್ ನಮ್ಮ ಪಕ್ಕದ ಮನೆಯವನು. ಡ್ಯಾನ್ಯೂಬ್ ನದಿದಂಡೆಯ ರೂಸೆ ಊರಿನಲ್ಲಿ ಜೀವಮಾನವೆಲ್ಲ ಟ್ರಾಲಿಬಸ್ ಓಡಿಸಿ, ಬೆನ್ನುನೋವೆಂದು ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡವನು. ಕುಡಿತವಿಲ್ಲ, ಜೂಜಿಲ್ಲ. ನಮ್ಮ ಕಟ್ಟಡದಲ್ಲಿ ಯಾರ ಮನೆಯ ನಲ್ಲಿ ಸೋರಿದರೂ ಸ್ಪ್ಯಾನರು ಹಿಡಿದು ಬರುತ್ತಿದ್ದ. ಅವನಿಗಿದ್ದ ರೋಗ ಒಂದೇ. ಹೆಂಡತಿ ನೆವೆನಾಳ ವಿಷಯ ಬಂದರೆ ಅವನ ಹೊಟ್ಟೆಯೊಳಗೆ ಕೆಂಡ ಬೀಳುತ್ತಿತ್ತು.

ಮದುವೆಯಾದ ಹೊಸತರಲ್ಲಿ ಒಮ್ಮೆ ನೆವೆನಾ ಬೇಕರಿಯ ಮುಂದೆ ಯಾರೋ ಗಂಡಸಿನ ಜೊತೆ ನಗುತ್ತ ನಿಂತಿದ್ದಳಂತೆ. ಡೊಬ್ರಿ ಅದನ್ನು ಕಂಡವನೇ ನಡುಬೀದಿಯಲ್ಲಿ ಬಸ್ಸು ನಿಲ್ಲಿಸಿ ಇಳಿದುಹೋದ. ಎಲ್ಲ ಮೇಲಿನ ಒಂದೇ ಕರೆಂಟು ತಂತಿ ಹಿಡಿದು ಓಡುವ ಬಸ್ಸುಗಳು, ಹಿಂದಿನದು ಮುಂದಿನದನ್ನು ದಾಟುವ ಹಾಗಿಲ್ಲ. ಹಿಂದೆ ಬಸ್ಸುಗಳ ಸಾಲೇ ನಿಂತುಬಿಟ್ಟಿತು. ಆ ಗಂಡಸು ನದಿದಂಡೆಗೆ ದಾರಿ ಕೇಳುತ್ತಿದ್ದ ಪರವೂರಿನವನು. ಅಂದು ಹಿಂದಿನ ಬಸ್ಸು ಓಡಿಸುತ್ತಿದ್ದ ಪೆಂಚೊ ಈಗಲೂ ಹೊಸಬರು ಸಿಕ್ಕಿದರೆ ಈ ಕತೆ ಹೇಳಿಯೇ ಕಾಫಿ ಕುಡಿಸುತ್ತಾನೆ.

ವಯಸ್ಸಾದ ಮೇಲೆ ಕೆಂಡಕ್ಕೆ ಬೂದಿ ಮುಚ್ಚಿತ್ತು. ಅದನ್ನು ಕೆದಕಿದ್ದು ನೆವೆನಾಳ ಕಚೇರಿ.

ಡ್ಯಾನ್ಯೂಬ್ ನದಿಯಲ್ಲಿ ಸರಕು ಸಾಗಿಸುವ ದೋಣಿಗಳಿಗೆ ಕಾಗದಪತ್ರ ಮಾಡಿಕೊಡುವುದು ನೆವೆನಾಳ ಕೆಲಸ. ಕಾಗದ ಸರಿಯಿಲ್ಲದೆ ದೋಣಿ ಬಂದರು ಬಿಡುವ ಹಾಗಿಲ್ಲ. ಯಜಮಾನರು ಕಚೇರಿಯನ್ನು ಸಮುದ್ರದ ಕಡೆಗೆ, ವಾರ್ನಾಕ್ಕೆ ಸಾಗಿಸಿದರು. ರೂಸೆಯ ಹೆಂಗಸರು ಇನ್ನು ಮನೆಯಿಂದಲೇ ಕೆಲಸ ಮಾಡಲಿ ಎಂದು ಒಬ್ಬೊಬ್ಬರಿಗೂ ಲಿನಕ್ಸ್ ಹಾಕಿದ ಒಂದು ಹಳೆಯ ಡೆಸ್ಕ್‌ಟಾಪ್ ಕಳಿಸಿದರು. ಡೊಬ್ರಿ ಅದನ್ನು ಅಡುಗೆಮನೆಯ ಕಿಟಕಿಯ ಪಕ್ಕ ಇಟ್ಟು, ತಂತಿ ಜೋಡಿಸಿ, ಮೇಲೆ ಧೂಳು ಕೂರದಿರಲೆಂದು ಕಸೂತಿಯ ಬಟ್ಟೆಯನ್ನೂ ಹೊದಿಸಿದ. ಅಲ್ಲಿಯವರೆಗೆ ಅವನಿಗೆ ಸಂತೋಷವೇ. ಹೆಂಡತಿ ಇಡೀ ದಿನ ಕಣ್ಣೆದುರು ಇರುತ್ತಾಳಲ್ಲ.

ಆದರೆ ಮನೆಯಲ್ಲಿ ಕೂತವಳು ಕಚೇರಿಯ ಫೈಲುಗಳನ್ನು ತೆರೆಯಬೇಕಾದರೆ ವಿಪಿಎನ್ ಬೇಕು. ಮನೆಯ ಕಂಪ್ಯೂಟರಿನಿಂದ ಕಚೇರಿಯ ಒಳಕ್ಕೆ, ನಡುವೆ ಯಾರ ಕಣ್ಣಿಗೂ ಬೀಳದೆ ಹೋಗುವ ದಾರಿ ಅದು. ಅದನ್ನು ಹಾಕಿಕೊಡಲು ವಾರ್ನಾದಿಂದ ಫೋನು ಮಾಡಿದವನು ಲ್ಯುಬೆನ್ ಕಸಾಬೊವ್, ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಹೆಂಡತಿಯಿಂದ ಬೇರೆಯಾದವನು ಎಂಬುದನ್ನು ಡೊಬ್ರಿ ಎರಡನೆಯ ದಿನವೇ ಪತ್ತೆಮಾಡಿದ.

ಕೈ ಖಾಲಿ ಇರಬೇಕೆಂದು ನೆವೆನಾ ಫೋನನ್ನು ಸ್ಪೀಕರಿಗೆ ಹಾಕಿ ಸಕ್ಕರೆ ಡಬ್ಬಿಗೆ ಒರಗಿಸಿ ಇಡುತ್ತಿದ್ದಳು. ಗೋಡೆಯ ಈಚೆ ನನಗೂ ಕೇಳುತ್ತಿತ್ತು. ಜೇನು ಹಚ್ಚಿದಂಥ ಧ್ವನಿಯೇನಲ್ಲ. ತುಸು ಗೊಗ್ಗರು, ಆದರೆ ಅವಸರವೆಂಬುದೇ ಇಲ್ಲ.

"ಬಲಗಡೆ ಮೇಲಿನ ಮೂಲೆ ನೋಡಿ ನೆವೆನಾ. ಸೆಟ್ಟಿಂಗ್ಸ್ ಇದೆಯಲ್ಲ, ಅದರೊಳಗೆ ನೆಟ್‌ವರ್ಕ್. ಸಿಗ್ಲಿಲ್ವಾ? ಪರವಾಗಿಲ್ಲ, ನಾನೆಲ್ಲೂ ಹೋಗಲ್ಲ, ನಿಧಾನಕ್ಕೆ ಹುಡುಕಿ."

ಅವನು ಕಳಿಸಿದ ಫೈಲನ್ನು ಆ ಕಂಪ್ಯೂಟರು ತೆಗೆದುಕೊಳ್ಳಲಿಲ್ಲ. ಅದನ್ನು ಓದುವ ಭಾಗವನ್ನೇ ಯಾರೂ ಹಾಕಿರಲಿಲ್ಲ. ಪರದೆಯ ಮೇಲೆ ಕಪ್ಪು ಕಿಟಕಿಯೊಂದನ್ನು ತೆರೆದು, ಅವನು ಹೇಳಿದ್ದನ್ನು ಅಕ್ಷರ ಅಕ್ಷರವಾಗಿ ಟೈಪು ಮಾಡಬೇಕಾಯಿತು.

"ಇನ್‌ಸ್ಟಾಲ್ ಅಂತ ಹಾಕಿ. ಐ ಆದ್ಮೇಲೆ ಎನ್. ನೆವೆನಾ ಅಂತೀವಲ್ಲ, ಆ ಎನ್. ಕೊನೇಲಿ ಎರಡು ಎಲ್. ಲ್ಯುಬೆನ್, ಲ್ಯುಬೆನ್."

ನೆವೆನಾ ನಕ್ಕಳು. ಡೊಬ್ರಿ ಒಲೆಯ ಮುಂದೆ ಕಾಫಿ ಉಕ್ಕಿಸಿದ.

ಒಂದು ಸಲ ಜೋಡಿಸಿದರೆ ಮುಗಿಯಿತು ಎಂದುಕೊಂಡಿದ್ದ. ಮುಗಿಯಲಿಲ್ಲ. ನಮ್ಮ ಕಟ್ಟಡದ ಇಂಟರ್ನೆಟ್ಟು ಗಾಳಿ ಬೀಸಿದರೆ ಹೋಗುವಂಥದ್ದು. ಕನೆಕ್ಷನ್ ಕಡಿಯುವುದು, ನೆವೆನಾ ಫೋನು ಮಾಡುವುದು, ಲ್ಯುಬೆನ್ ಲೈನಿಗೆ ಬರುವುದು. ಕೆಲವೊಮ್ಮೆ ಅವನು ವಾರ್ನಾದಲ್ಲಿ ಕೂತೇ ಇವಳ ಪರದೆಯನ್ನು ತನ್ನ ಕೈಗೆ ತೆಗೆದುಕೊಳ್ಳುತ್ತಿದ್ದ. ನೆವೆನಾ ಮೌಸ್ ಬಿಟ್ಟು ಕೈಕಟ್ಟಿ ಕೂತಿರುತ್ತಿದ್ದಳು. ಪರದೆಯ ಮೇಲಿನ ಬಾಣ ತಾನಾಗಿ ಓಡಾಡುತ್ತಿತ್ತು. ಡೊಬ್ರಿಗೆ ಅದನ್ನು ನೋಡಲಾಗುತ್ತಿರಲಿಲ್ಲ, ನೋಡದೆ ಇರಲೂ ಆಗುತ್ತಿರಲಿಲ್ಲ. "ನನ್ನ ಮನೆ ಮೇಜಿನ ಮೇಲೆ ಇನ್ನೊಬ್ಬನ ಕೈ, ಸ್ತೊಯ್ನಾ," ಎಂದು ಒಂದು ದಿನ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ ಹೇಳಿದ. "ನಾನು ಅಲ್ಲೇ ಬ್ರೆಡ್ ಕೊಯ್ತಾ ನಿಂತಿದೀನಿ, ಅವನು ಅಲ್ಲಿ ಓಡಾಡ್ಕೊಂಡಿದಾನೆ."

ಪೆಂಚೊ ಬೆಂಕಿಗೆ ತುಪ್ಪ ಸುರಿಯದೆ ಬಿಡುತ್ತಾನೆಯೇ? ಕಟ್ಟಡದ ಮುಂದಿನ ಬೆಂಚಿನಲ್ಲಿ ಕೂತು ಸೂರ್ಯಕಾಂತಿ ಬೀಜ ಉಗುಳುತ್ತ ಹೇಳಿದ: "ಏನೋ ಡೊಬ್ರಿ, ನಿಮ್ಮ ಕಿಟಕೀಲಿ ಗಂಡಸಿನ ಧ್ವನಿ ಕೇಳ್ತು. ಸದ್ಯ ನೀನಿದೀಯಲ್ಲ ಅಂದ್ಕೊಂಡೆ. ನೋಡಿದ್ರೆ ನೀನಿಲ್ಲಿ ಕೂತಿದೀಯ."

"ಆಫೀಸಿನೋನು ಅವನು."

"ಆಫೀಸು ಅಡುಗೆಮನೇಲಿದೆ ಅಲ್ವಾ ಈಗ. ಒಳ್ಳೇದು ಬಿಡು."

ಸೆಪ್ಟೆಂಬರ್ ಬಂತು. ಊರಿನ ಎಲ್ಲ ಬಾಲ್ಕನಿಗಳಲ್ಲೂ ಕೆಂಪು ದೊಣ್ಣೆಮೆಣಸು ಸುಟ್ಟು ಸಿಪ್ಪೆ ಸುಲಿದು ಜಾಡಿ ತುಂಬುವ ಕಾಲ. ಅದಕ್ಕೆಂದೇ ಕರೆಂಟಿನ ಪುಟ್ಟ ಕುಲುಮೆಯೊಂದು ಪ್ರತಿ ಮನೆಯಲ್ಲೂ ಇರುತ್ತದೆ. ಸ್ನಾನದ ಬಾಯ್ಲರನ್ನೂ ಇದನ್ನೂ ಒಟ್ಟಿಗೆ ಹಚ್ಚಿದರೆ ಮನೆಯ ಫ್ಯೂಸು ಹಾರುತ್ತದೆ. ಇದು ಡೊಬ್ರಿಗೆ ಚೆನ್ನಾಗಿ ಗೊತ್ತು. ಲ್ಯುಬೆನ್ ಫೋನಿನಲ್ಲಿರುವಾಗಲೇ ಅವನಿಗೆ ಮೆಣಸು ಸುಡುವ ನೆನಪಾಗುತ್ತಿತ್ತು. ಟಪ್ ಎಂದು ಕರೆಂಟು ಹೋಗುತ್ತಿತ್ತು, ಕಂಪ್ಯೂಟರು ಆರುತ್ತಿತ್ತು.

"ಇವತ್ತೇ ಸುಡಬೇಕಿತ್ತಾ?" ನೆವೆನಾ ಕೇಳುತ್ತಿದ್ದಳು.

"ಮೆಣಸು ಕಾಯುತ್ತಾ? ಕೊಳೆತುಹೋಗುತ್ತೆ."

"ನಿನ್ನೇನೂ ಹೀಗೇ ಹೇಳ್ದೆ. ಬಾಯ್ಲರ್ ಯಾಕೆ ಹಚ್ಚಿದೆ? ಸ್ನಾನ ಆಗಿದೆಯಲ್ಲ."

"ಕೈ ಜಿಗುಟಾಗುತ್ತೆ."

ಆ ವರ್ಷ ಅವರ ಮನೆಯಲ್ಲಿ ಜಾಡಿಗಳಿಗೆ ಜಾಗ ಸಾಲದೆ ನನ್ನ ಮನೆಯ ಕಪಾಟಿಗೂ ಬಂದವು.

ನೆವೆನಾಳ ಅಕ್ಕ ಸ್ವಿಶ್ಟೊವ್‌ನಲ್ಲಿ ಇದ್ದಾಳೆ. ಅವಳ ಮೊಮ್ಮಗಳ ನಾಮಕರಣಕ್ಕೆಂದು ನೆವೆನಾ ಹೋದಳು. ಮಾರನೆಯ ದಿನ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ ಎಂದಿದ್ದಳು. ಮನೆಯಲ್ಲಿ ಒಬ್ಬನೇ ಉಳಿದ ಡೊಬ್ರಿ ಜಾನಪದ ಹಾಡು ಕೇಳೋಣವೆಂದು ಕಂಪ್ಯೂಟರಿನ ಮುಂದೆ ಕೂತ. ಹಾಡು ತಡೆತಡೆದು ಬರುತ್ತಿತ್ತು. ಇಂಟರ್ನೆಟ್ಟು ಇದೆಯೋ ಇಲ್ಲವೋ ನೋಡಲು, ಲ್ಯುಬೆನ್ ಹೇಳುವುದನ್ನು ಕೇಳಿ ಕೇಳಿ ಕಲಿತಿದ್ದ ಆ ಬಲಗಡೆಯ ಮೂಲೆಯನ್ನು ಒತ್ತಿದ. ಅಲ್ಲಿ ಬೀಗದ ಚಿತ್ರ, ಅದರ ಪಕ್ಕ ನೆವೆನಾ ಆರಿಸದೆ ಹೋಗಿದ್ದ ವಿಪಿಎನ್ ಕನೆಕ್ಷನ್ನಿನ ಹೆಸರು ಬರೆದಿತ್ತು: ಲ್ಯುಬೆನ್.

ಕನೆಕ್ಷನ್ನಿಗೆ ಯಾವ ಹೆಸರು ಬೇಕಾದರೂ ಇಡಬಹುದು. ಕೆಲಸಕ್ಕೆ ಅದರಿಂದ ವ್ಯತ್ಯಾಸವಿಲ್ಲ. ನೆವೆನಾ ಅದನ್ನು ಇಟ್ಟಿದ್ದಳು. ದಿನಾ ಬೆಳಿಗ್ಗೆ ಅವಳು ಮೊದಲು ಒತ್ತುತ್ತಿದ್ದದ್ದು ಆ ಹೆಸರನ್ನು.

ಅವನು ಅದನ್ನು ಅಳಿಸಿಹಾಕಿದ. ನಿಜವಾಗಿ ತೆಗೆಯಬೇಕೇ ಎಂದು ಕಂಪ್ಯೂಟರು ಕೇಳಿತಂತೆ. "ಹೌದು ಅಂತ ಒತ್ತುವಾಗ ಎಷ್ಟು ಹಿತವಾಯ್ತು ಗೊತ್ತಾ," ಎಂದು ಆಮೇಲೆ ನನ್ನೊಡನೆ ಹೇಳಿಕೊಂಡ.

ಹಿತ ಬೆಳಗಿನವರೆಗೆ ಮಾತ್ರ. ಬೆಳಿಗ್ಗೆ ನೆವೆನಾಳ ಫೋನು ಬಂತು. "ಡೊಬ್ರಿ, ಕಂಪ್ಯೂಟರ್ ಹಚ್ಚಿಡು. ಬಂದ ತಕ್ಷಣ ಕೂರಬೇಕು. ಗೋಧಿ ದೋಣಿ ಇವತ್ತು ಸಂಜೆಯೊಳಗೆ ಬಿಡಬೇಕಂತೆ. ಕಾಗದ ಹೋಗ್ಲಿಲ್ಲ ಅಂದ್ರೆ ನನ್ನ ತಲೆ ಮೇಲೆ ಬರುತ್ತೆ. ಈಗಾಗ್ಲೇ ಕರೆಂಟ್ ಹೋಗುತ್ತೆ, ಕರೆಂಟ್ ಹೋಗುತ್ತೆ ಅಂತ ಹೇಳಿ ಹೇಳಿ ನನಗೇ ನಾಚಿಕೆ ಆಗಿದೆ."

ಅವನು ನನ್ನ ಬಾಗಿಲು ಬಡಿದ. ಮುಖ ಸುಣ್ಣವಾಗಿತ್ತು. ನಡೆದದ್ದನ್ನೆಲ್ಲ ಹೇಳಿ, "ನಿನಗೆ ಇದೇನಾದ್ರೂ ಗೊತ್ತಾ?" ಎಂದ.

"ನಾನು ನರ್ಸ್ ಆಗಿದ್ದೋಳು. ಇಂಜೆಕ್ಷನ್ ಬೇಕಾದ್ರೆ ಕೊಡ್ತೀನಿ," ಎಂದೆ. "ಗೊತ್ತಿರೋನಿಗೆ ಫೋನ್ ಮಾಡು."

"ಅವನಿಗಾ?"

"ಇನ್ಯಾರಿಗೆ?"

ಅವರ ಅಡುಗೆಮನೆಯಲ್ಲಿ ನಾನೂ ಕೂತೆ. ಫೋನನ್ನು ಅದೇ ಸಕ್ಕರೆ ಡಬ್ಬಿಗೆ ಒರಗಿಸಿದ. ತಾನು ಯಾರೆಂದು ಹೇಳಿ, "ಕನೆಕ್ಷನ್ ಕಾಣ್ತಿಲ್ಲ. ಹೋಗ್ಬಿಟ್ಟಿದೆ," ಎಂದ.

"ಅದು ತಾನಾಗಿ ಹೋಗಲ್ಲ, ಬಾಯ್ ಡೊಬ್ರಿ," ಎಂದ ಲ್ಯುಬೆನ್, ಹಿರಿಯಣ್ಣನನ್ನು ಕರೆಯುವ ಹಾಗೆ. "ಇರ್ಲಿ. ಪಾಸ್‌ವರ್ಡು ಅವರದ್ದು, ಅದನ್ನ ನಾನು ನಿಮಗೆ ಕೊಡೋ ಹಾಗಿಲ್ಲ, ನೀವು ಕೇಳೋ ಹಾಗೂ ಇಲ್ಲ. ಆದ್ರೆ ಮೊದಲು ಕಳಿಸಿದ ಫೈಲ್ ಅಲ್ಲೇ ಇರಬೇಕು. ಮಿಕ್ಕಿದ್ದನ್ನೆಲ್ಲ ಜೋಡಿಸಿಡೋಣ, ಅವರು ಬಂದು ಪಾಸ್‌ವರ್ಡ್ ಹಾಕ್ಕೊಳ್ಳಲಿ. ಕನ್ನಡಕ ಹಾಕ್ಕೊಂಡಿದೀರಾ?"

ಹಾಕಿಕೊಂಡಿರಲಿಲ್ಲ. ಹಾಕಿಕೊಂಡ.

ನೆಟ್‌ವರ್ಕ್ ಪುಟ ಸಿಕ್ಕಿತು. ವಿಪಿಎನ್ ಎಂಬಲ್ಲಿ ಕೂಡುವ ಚಿಹ್ನೆ ಸಿಕ್ಕಿತು. ಫೈಲಿನಿಂದ ತೆಗೆದುಕೋ ಎಂಬ ಸಾಲು ಸಿಗಲು ಬಹಳ ಹೊತ್ತು ಹಿಡಿಯಿತು. ಡೊಬ್ರಿಯ ದಪ್ಪ ಬೆರಳಿಗೆ ಮೌಸ್ ಸಾಬೂನಿನಂತೆ ಜಾರುತ್ತಿತ್ತು. ಎರಡು ಸಲ ಎಲ್ಲವನ್ನೂ ಮುಚ್ಚಿಬಿಟ್ಟ. ಎರಡು ಸಲವೂ ಆ ಧ್ವನಿ, "ಆಯ್ತು, ಮತ್ತೆ ಮೂಲೆಯಿಂದ ಶುರು ಮಾಡೋಣ," ಎಂದಿತು. ತಾಳ್ಮೆಯ ಧ್ವನಿ ಕೇಳಿದಷ್ಟೂ ಡೊಬ್ರಿಯ ಕುತ್ತಿಗೆ ಕೆಂಪಾಗುತ್ತಿತ್ತು. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು ಎಂದು ನನಗೆ ಅನಿಸಿತು.

ಫೈಲು ಕೊನೆಗೂ ಒಳಗೆ ಬಂತು. ಆಗ ಅವನು ಮೌಸ್ ಬಿಟ್ಟು ಕೇಳಿಯೇಬಿಟ್ಟ.

"ನನ್ನ ಹೆಂಡತಿ ಮೇಲೆ ನಿನಗೆ ಮನಸ್ಸಿದೆಯಾ?"

ನಾನು ತಲೆ ತಗ್ಗಿಸಿದೆ. ವಾರ್ನಾದ ಕಡೆಯಿಂದ ಕಡಲಹಕ್ಕಿಗಳ ಕೂಗು ಕೇಳುತ್ತಿತ್ತು, ಅವನ ಕಿಟಕಿ ತೆರೆದಿದ್ದಿರಬೇಕು.

"ಇದೆ," ಎಂದ ಲ್ಯುಬೆನ್. "ಅವರ ಫೋನ್ ಬಂದ ದಿನ ನನಗೆ ಚೆನ್ನಾಗಿರುತ್ತೆ. ಅವರಿಗೆ ನಾನೇನೂ ಹೇಳಿಲ್ಲ, ಹೇಳೋದೂ ಇಲ್ಲ. ನೀವು ಕೇಳಿದ್ರಿ, ಸುಳ್ಳು ಹೇಳೋಕೆ ಮನಸ್ಸಾಗಲಿಲ್ಲ."

ಹಿಂದಿನ ಡೊಬ್ರಿಯಾಗಿದ್ದರೆ ಫೋನನ್ನು ಕಿಟಕಿಯಾಚೆ ಎಸೆಯುತ್ತಿದ್ದ. ಕೈ ಎತ್ತಿದ್ದನ್ನು ನಾನು ನೋಡಿದೆ. ಆದರೆ ಕೆಲಸ ಅರ್ಧಕ್ಕೆ ನಿಂತಿತ್ತು, ನೆವೆನಾಳ ಬಸ್ಸು ಹೊರಟಾಗಿತ್ತು, ಮುಂದೆ ಎಲ್ಲಿ ಒತ್ತಬೇಕೆಂದು ಗೊತ್ತಿದ್ದವನು ಲ್ಯುಬೆನ್ ಒಬ್ಬನೇ. ಡೊಬ್ರಿ ಎತ್ತಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮೂರ್ನಾಲ್ಕು ಸಲ ಉಸಿರೆಳೆದ.

"ಮುಂದೆ ಹೇಳು," ಎಂದ.

"ಹೆಸರಿನ ಜಾಗ ಇದೆ ನೋಡಿ. ಏನಾದ್ರೂ ಬರೀರಿ."

ಡೊಬ್ರಿ ಒಂದೊಂದೇ ಅಕ್ಷರ ಹುಡುಕಿ ತನ್ನ ಹೆಸರನ್ನೇ ಬರೆದ. ಮುಗಿಸುವ ಮುನ್ನ ಹಾಡು ತಡೆಯುವ ವಿಷಯವನ್ನೂ ದೂರಿದ. ಲ್ಯುಬೆನ್ ಇನ್ನೊಂದು ಪುಟ ತೆರೆಸಿ, ಈ ಕನೆಕ್ಷನ್ ಕಚೇರಿಯ ಕೆಲಸಕ್ಕೆ ಮಾತ್ರ ಎಂಬರ್ಥದ ಸಾಲಿಗೆ ಗುರುತು ಹಾಕಿಸಿದ. ಇಲ್ಲವಾದರೆ ವಿಪಿಎನ್ ಹಚ್ಚಿರುವಷ್ಟು ಹೊತ್ತು ಎಲ್ಲವೂ ವಾರ್ನಾಕ್ಕೆ ಹೋಗಿ ಸುತ್ತಿಕೊಂಡು ಬರುತ್ತದೆ.

"ಅಂದ್ರೆ ಇಷ್ಟು ದಿನ ನಾನು ಕೇಳಿದ ಹಾಡೂ ನಿನ್ನ ಹತ್ರ ಹೋಗಿ ಬರ್ತಿತ್ತಾ?"

"ಆಫೀಸಿಗೆ ಹೋಗಿ ಬರ್ತಿತ್ತು."

"ಹಾಡೂ ಬಿಡಲಿಲ್ಲ," ಎಂದು ಗೊಣಗಿ ಡೊಬ್ರಿ ಫೋನು ಇಟ್ಟ. ಥ್ಯಾಂಕ್ಸ್ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಫೋನು ಮಾಡಿ ಅದನ್ನಷ್ಟೇ ಹೇಳಿ ಇಟ್ಟ.

ನೆವೆನಾ ಚೀಲವನ್ನು ಬಾಗಿಲಲ್ಲೇ ಇಟ್ಟು ಬಂದು ಕೂತಳು. ಮೂಲೆಯನ್ನು ಒತ್ತಿದಳು. ಅಲ್ಲಿದ್ದ ಹೆಸರನ್ನು ನೋಡಿದಳು, ಗಂಡನನ್ನು ನೋಡಿದಳು, ನನ್ನನ್ನೂ ನೋಡಿದಳು. ನಾನು ಎದ್ದು ಹೊರಟೆ. ಅವಳು ಪಾಸ್‌ವರ್ಡು ಒತ್ತುವ ಸದ್ದು ಕೇಳಿಸಿತು. ಗೋಧಿಯ ದೋಣಿ ಆ ಸಂಜೆ ಬಂದರು ಬಿಟ್ಟಿತು.

ಆಮೇಲೆ ನಡೆದ ಮಾತು ಗೋಡೆಯಾಚೆಯಿಂದ ಕೇಳಿದ್ದು. ಜಗಳವಾಗುತ್ತದೆ ಎಂದುಕೊಂಡಿದ್ದೆ. ನೆವೆನಾಳ ಧ್ವನಿ ಏರಲೇ ಇಲ್ಲ.

"ಮದುವೆ ಆದಾಗಿನಿಂದ ನೀನು ನನಗೆ ಒಂದೇ ಒಂದು ವಿಷಯಾನ ಕೂಗಾಡದೆ ಹೇಳ್ಕೊಟ್ಟಿದೀಯಾ? ಒಲೆ ಹಚ್ಚೋದಿರಲಿ, ಬಸ್ಸಿನ ಟಿಕೆಟ್ ತಗೊಳ್ಳೋದಿರಲಿ. ಅವನು ಒಂದೇ ಮಾತನ್ನ ಹತ್ತು ಸಲ ಹೇಳ್ತಾನೆ. ನನ್ನನ್ನ ದಡ್ಡಿ ಅಂದ್ಕೊಳ್ಳದೇ ಹೇಳ್ತಾನೆ. ಅದು ನನಗಿಷ್ಟ. ಇಷ್ಟ ಅಂತಾನೇ ಹೆಸರಿಟ್ಟೆ."

ಡೊಬ್ರಿ ಏನೋ ಅಂದ. ಕೇಳಿಸಲಿಲ್ಲ.

"ನಿನ್ನ ಬಿಟ್ಟು ಎಲ್ಲಿಗೂ ಹೋಗಲ್ಲ. ಅವನ ಜೊತೆ ಮಾತಾಡೋದನ್ನೂ ಬಿಡಲ್ಲ. ಎರಡೂ ನಿಜ. ನಿನಗೆ ಹೇಗೆ ಬೇಕೋ ಹಾಗೆ ನುಂಗ್ಕೋ."

ಅವನು ನುಂಗಿಕೊಂಡ. ಸಲೀಸಾಗಿ ಅಲ್ಲ. ಈಗಲೂ ಲ್ಯುಬೆನ್ ಫೋನು ಬಂದರೆ ಡೊಬ್ರಿ ಅಡುಗೆಮನೆಯಲ್ಲಿ ಏನಾದರೂ ಒರೆಸುತ್ತ ನಿಲ್ಲುತ್ತಾನೆ, ಮುಖ ಹುಳಿ ತಿಂದವನ ಹಾಗಿರುತ್ತದೆ. ಆದರೆ ಕರೆಗಳು ಕಡಿಮೆಯಾದವು. ಕನೆಕ್ಷನ್ ಕಡಿದರೆ ಮೊದಲು ಡೊಬ್ರಿ ಬಂದು ಕೂರುತ್ತಾನೆ. ಹತ್ತರಲ್ಲಿ ಎಂಟು ಸಲ ಸರಿಯಾಗುತ್ತದೆ. ಕೂಗಾಟ ಬಾಯಿಗೆ ಬಂದರೆ ಎದ್ದುಹೋಗಿ ನೀರು ಕುಡಿದು ಬರುತ್ತಾನೆ. ಒಂದು ದಿನ ನೆವೆನಾ ನನ್ನ ಹತ್ತಿರ, "ಇಡೀ ವಾರ ವಾರ್ನಾಕ್ಕೆ ಫೋನ್ ಮಾಡೋಕೆ ಒಂದು ನೆಪಾನೂ ಉಳಿಸಲಿಲ್ಲ ಈ ಮನುಷ್ಯ," ಎಂದು ನಿಟ್ಟುಸಿರಿಟ್ಟಳು. ತಮಾಷೆಗೆ ಹೇಳಿದಳೋ ನಿಜವಾಗಿ ಹೇಳಿದಳೋ ತಿಳಿಯಲಿಲ್ಲ.

ನೆವೆನಾಳ ಜೊತೆ ಕೆಲಸ ಮಾಡುವ ಹೆಂಗಸರಿಗೂ ಸುದ್ದಿ ಹೋಯಿತು. ಅವರ ಕಂಪ್ಯೂಟರುಗಳೂ ಅಂಥವೇ. ಒಬ್ಬೊಬ್ಬರಾಗಿ ಡೊಬ್ರಿಯನ್ನು ಕರೆದರು. ಅವನು ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕನ್ನಡಕದ ಪೆಟ್ಟಿಗೆಯನ್ನು ಜೇಬಿಗೆ ಸೇರಿಸಿ ಹೊರಡಲು ಶುರುಮಾಡಿದ. ಅವರಲ್ಲಿ ಎದುರು ಕಟ್ಟಡದ ಮೂರನೆಯ ಮಹಡಿಯಲ್ಲಿರುವ ಜಿನ್ಕಾ ಎಂಬ ವಿಧವೆಯ ಕನೆಕ್ಷನ್ ಮಾತ್ರ ವಾರಕ್ಕೊಮ್ಮೆಯಾದರೂ ಕೆಡುತ್ತಿತ್ತು. ಜಿನ್ಕಾ ಒಳ್ಳೆಯ ಬಾನಿತ್ಸಾ ಮಾಡುತ್ತಾಳೆ. ಪದರ ಪದರವಾದ ಚೀಸಿನ ಆ ರೊಟ್ಟಿಯನ್ನು ಒಂದು ತಟ್ಟೆಯಲ್ಲಿ ಕಟ್ಟಿಸಿಕೊಂಡು ಡೊಬ್ರಿ ಮನೆಗೆ ಬರುತ್ತಿದ್ದ.

ಮೊನ್ನೆ ಶನಿವಾರ ಮಧ್ಯಾಹ್ನ ನೆವೆನಾ ನನ್ನ ಮನೆಗೆ ಬಂದಳು. ಕೈಯಲ್ಲಿ ಹೆಣಿಗೆ ಇತ್ತು, ಕೂರಲಿಲ್ಲ.

"ಡೊಬ್ರಿ ಎಲ್ಲಿ?" ಎಂದೆ.

"ಜಿನ್ಕಾಳದ್ದು ಮತ್ತೆ ಕಡಿದುಹೋಯ್ತಂತೆ. ಹೋಗಿ ಬಹಳ ಹೊತ್ತಾಯ್ತು. ಪಾಸ್‌ವರ್ಡ್ ಹಾಕೋಕೆ ಇಷ್ಟು ಹೊತ್ತು ಬೇಕಾ?" ಎಂದಳು. ಆಮೇಲೆ, "ನಾನೇನು ಅವನ ಹಾಗೆ ಹುಚ್ಚಿ ಅಲ್ಲ," ಎಂದೂ ಸೇರಿಸಿದಳು.

"ಅಲ್ಲ ಬಿಡು."

ಅವಳು ಹೆಣಿಗೆಯ ಎರಡು ಕಣ್ಣು ಹಾಕಿ ನಿಲ್ಲಿಸಿದಳು.

"ಸ್ತೊಯ್ನಾ, ನಿನ್ನ ಬಾಲ್ಕನಿಯಿಂದ ಎದುರಿನ ಮೂರನೇ ಮಹಡಿ ಕಾಣುತ್ತಾ?"

ಕಾಣುತ್ತದೆ ಎಂದೆ. ಅವಳು ಚಪ್ಪಲಿ ಬಿಟ್ಟು ನೇರವಾಗಿ ಬಾಲ್ಕನಿಯ ಕಡೆ ನಡೆದಳು.