ಮುನಿಯಲ್ಲಪ್ಪನ ಮೊಣಕಾಲು

ಮುನಿಯಲ್ಲಪ್ಪನಿಗೆ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಒಂದು ಅಡ್ಡಹೆಸರಿತ್ತು: ಪ್ಯಾಂಟಪ್ಪ. ಏಪ್ರಿಲ್ ಬಿಸಿಲಲ್ಲಿ ಲಾರಿಯಿಂದ ಕಾಯಿ ಇಳಿಸುವವರೆಲ್ಲ ಪಟ್ಟಾಪಟ್ಟಿ ಚಡ್ಡಿಯಲ್ಲೋ ಮೇಲಕ್ಕೆತ್ತಿ ಕಟ್ಟಿದ ಲುಂಗಿಯಲ್ಲೋ ಇದ್ದರೆ, ಈ ಪುಣ್ಯಾತ್ಮ ಮಾತ್ರ ಹಿಮ್ಮಡಿವರೆಗೆ ಪ್ಯಾಂಟು ಇಳಿಬಿಟ್ಟುಕೊಂಡು ಬೆವರುತ್ತಿದ್ದ. ಮನೆಯಲ್ಲೂ ಅಷ್ಟೇ. ಕಟ್ಟಿಕೊಂಡ ಹೆಂಡತಿ ಚಿಕ್ಕಗಂಗಮ್ಮನೇ ಅವನ ಮೊಣಕಾಲನ್ನು ಹಗಲು ಹೊತ್ತಿನಲ್ಲಿ ಸರಿಯಾಗಿ ಕಂಡವಳಲ್ಲ.

ನಗುವವರಿಗೇನು, ನಕ್ಕರು. ಅವನು ಕಂಡದ್ದನ್ನು ಅವರು ಕಂಡಿರಲಿಲ್ಲ.

ಬೈರಕೂರಿನ ಕಡೆ ಒಂದು ಹಳ್ಳಿಯಲ್ಲಿ, ಇನ್ನೂ ಹಾಲುಹಲ್ಲು ಪೂರ್ತಿ ಬಿದ್ದಿರದ ವಯಸ್ಸಿನಲ್ಲಿ, ಅವನಪ್ಪ ಅವನನ್ನು ಗೌಡರ ಮನೆಗೆ ಜೀತಕ್ಕೆ ಬಿಟ್ಟಿದ್ದ. ಆ ಮನೆಯ ಜೀತದಾಳಿಗೆ ಚಡ್ಡಿ ಒಂದೇ ಬಟ್ಟೆ. ಹುಡುಗನಿಗೂ ಅದೇ, ಮೀಸೆ ಬಂದವನಿಗೂ ಅದೇ. ಆ ಕಾಲದಲ್ಲಿ ಮಕ್ಕಳು ಇಸ್ಕೂಲಿಗೆ ಚಡ್ಡಿಯಲ್ಲೇ ಹೋಗುತ್ತಿದ್ದರು, ನಿಜ. ಆದರೆ ಅವರು ಬೆಳೆದ ಮೇಲೆ ಪ್ಯಾಂಟಿಗೆ ಬರುತ್ತಿದ್ದರು. ಜೀತದವನು ಬೆಳೆಯುವ ಹಾಗೇ ಇರಲಿಲ್ಲ. ಮದುವೆ ವಯಸ್ಸಿಗೆ ಬಂದ ಹೊಸದರಲ್ಲಿ ಮುನಿಯಲ್ಲಪ್ಪ ಒಮ್ಮೆ ಪಂಚೆ ಇಳಿಬಿಟ್ಟುಕೊಂಡು ಗೌಡರ ಹಟ್ಟಿಗೆ ಹೋದ. ಜಗಲಿಯ ಮೇಲೆ ನೆಂಟರು ಕೂತಿದ್ದರು. ಗೌಡರು, “ಏನ್ಲಾ, ಮದುಮಗನಾ ನೀನು? ಎತ್ತಿ ಕಟ್ಲಾ ಮೇಲಕ್ಕೆ, ಮೊಣಕಾಲು ಕಾಣ್ಬೇಕು” ಅಂದರು. ನೆಂಟರು ನಕ್ಕರು. ಅವನು ಎತ್ತಿ ಕಟ್ಟಿದ. ಆ ಕ್ಷಣದ ನಾಚಿಕೆ ಅವನನ್ನು ಕೊನೆವರೆಗೂ ಬಿಡಲಿಲ್ಲ.

ಜೀತ ಬಿಟ್ಟು ಬಂದ ದಿನ ಸಂತೆಯಲ್ಲಿ ಒಂದು ಪ್ಯಾಂಟು ಕೊಂಡ. ಇನ್ನು ಯಾವನ ಮುಂದೂ ಮೊಣಕಾಲು ತೋರಿಸುವುದಿಲ್ಲ ಅಂದುಕೊಂಡ. ಮಾತಿಗೆ ತಪ್ಪಲಿಲ್ಲ. ತಪ್ಪಿದ್ದರೆ ಚೆನ್ನಾಗಿತ್ತು, ಅಯ್ಯೋ!

ಹೋದ ಸೀಸನ್ನಿನಲ್ಲಿ ಆ ಗೌಡರ ಮೊಮ್ಮಗ ಮುರಳಿಮೋಹನ್ ಮಂಡಿಗೆ ಬಾದಾಮಿ ಮಾವಿನಕಾಯಿ ತಂದ. ಕಾರಿನಿಂದ ಇಳಿದವನು ಹಾಕಿದ್ದದ್ದೇನು? ಚಡ್ಡಿ! ಹೂವಿನ ಚಿತ್ರದ, ಮೊಣಕಾಲಿನ ಮೇಲೆ ನಿಲ್ಲುವ ಚಡ್ಡಿ. ಈಗ ಅದಕ್ಕೆ ಶಾರ್ಟ್ಸ್ ಅನ್ನುತ್ತಾರಂತೆ. ಅವನಿಗೆ ಬೇಕಾದಾಗ ಹಾಕುತ್ತಾನೆ, ಬೇಡವಾದಾಗ ಬಿಚ್ಚಿಡುತ್ತಾನೆ. ಮುನಿಯಲ್ಲಪ್ಪ ಆ ಬೆಳ್ಳಗಿನ ಮೊಣಕಾಲುಗಳನ್ನೇ ನೋಡುತ್ತ ಕ್ರೇಟು ಎತ್ತಿದ. ಆಗಷ್ಟೇ ಕಿತ್ತ ಕಾಯಿ. ತೊಟ್ಟಿನಿಂದ ಸೊನೆ ಸೋರಿ ಪ್ಯಾಂಟು ನೆನೆದು ಎಡ ಮೊಣಕಾಲಿನ ಕೆಳಗೆ ಅಂಟಿಕೊಂಡಿತು. ಚಡ್ಡಿ, ಲುಂಗಿಯವರು ತಕ್ಷಣ ನೀರು ಹೊಯ್ದು ತೊಳೆದುಕೊಳ್ಳುತ್ತಾರೆ. ಇಲ್ಲದಿದ್ದರೆ ಸೊನೆ ಚರ್ಮವನ್ನು ಸುಟ್ಟೇಬಿಡುತ್ತದೆ.

“ಮುನಿಯಲ್ಲಪ್ಪಾ, ಪ್ಯಾಂಟು ಮಡಿಚಿ ತೊಳ್ಕೊಳಪ್ಪಾ, ಸುಟ್ಟೋಗುತ್ತೆ” ಅಂದ ಮುರಳಿಮೋಹನ್. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದ.

“ಏನೂ ಆಗಲ್ಲ ಬಿಡಿ ಸಾಮಿ.”

ಬೇರೆ ಯಾರೇ ಹೇಳಿದ್ದರೂ ಮಡಿಚುತ್ತಿದ್ದನೋ ಏನೋ. ಆ ಮನೆಯವನ ಬಾಯಿಂದ, ಎಲ್ಲರೆದುರು, ಪ್ಯಾಂಟು ಮೇಲಕ್ಕೆತ್ತು ಅನ್ನುವ ಮಾತು ಬಂದ ಮೇಲೆ ಅವನ ಕೈ ಏಳಲಿಲ್ಲ. ಸಂಜೆವರೆಗೂ ಸೊನೆ ಕಾಲಿಗೆ ಹತ್ತಿಕೊಂಡೇ ಇತ್ತು.

ಬೊಬ್ಬೆ ಎದ್ದಿತು, ಒಡೆಯಿತು. ಮೈಯಲ್ಲಿ ಶುಗರ್ ಇತ್ತು, ಹುಣ್ಣು ಮಾಯಲಿಲ್ಲ. ಅದರ ಮೇಲೆ ಬಟ್ಟೆ ಸುತ್ತಿ ಪ್ಯಾಂಟು ಇಳಿಬಿಟ್ಟುಕೊಂಡು ಕೆಲಸಕ್ಕೆ ಹೋದ. ಮನೆಯಲ್ಲಿ ವಾಸನೆ ಬರತೊಡಗಿದಾಗ ಚಿಕ್ಕಗಂಗಮ್ಮ, “ಕಾಲ್ಗೇನಾಗೈತೆ, ತೋರ್ಸಿ” ಅಂತ ಗೋಗರೆದಳು. ಅವನು ರೇಗಿದ. ಕೊನೆಗೆ ಜ್ವರದಲ್ಲಿ ಮೈಮರೆತು ಬಿದ್ದಾಗ ಅವಳೇ ಪ್ಯಾಂಟು ಮೇಲೆತ್ತಿ ನೋಡಿ ಬಾಯಿ ಬಡಿದುಕೊಂಡಳು. ಕೋಲಾರದ ಆಸ್ಪತ್ರೆಯ ಡಾಕ್ಟರು, “ಮೊದ್ಲೇ ಕರ್ಕೊಂಡು ಬಂದಿದ್ರೆ ಕಾಲು ಉಳೀತಿತ್ತಮ್ಮಾ” ಅಂದರು. ಎಡಗಾಲನ್ನು ಮೊಣಕಾಲಿನ ಮೇಲಕ್ಕೇ ತೆಗೆದರು.

ಮನೆಗೆ ಕಳಿಸುವ ದಿನ ಬಂತು. ಹಿಂದಿನ ದಿನವೇ ಅವನು, “ಬೂದಿ ಬಣ್ಣದ ಪ್ಯಾಂಟು ತಗೊಂಡ್ಬಾ” ಅಂದಿದ್ದ. ಚಿಕ್ಕಗಂಗಮ್ಮ ಚೀಲದಿಂದ ಅದನ್ನೇ ತೆಗೆದಳು. ಅದರ ಎರಡೂ ಕಾಲುಗಳನ್ನು ಮೊಣಕಾಲಿನ ಮೇಲಕ್ಕೆ ಕತ್ತರಿಸಿದ್ದಳು. ಅಂಚು ಮಡಿಚಿ ಕೈಯಲ್ಲೇ ಹೊಲಿದಿದ್ದಳು. ಸೊಂಟ ಸಡಿಲವಾಗಿರಲಿ ಅಂತ ಲಾಡಿಯನ್ನೂ ಪೋಣಿಸಿದ್ದಳು.

ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

“ಬ್ಯಾಂಡೇಜ್ ಬಿಚ್ಚಿ ಕಟ್ಟಕ್ಕೆ ಚಡ್ಡಿನೇ ವಾಸಿ ಅಂದ್ರು ನರ್ಸಮ್ಮ” ಅಂದಳು.

“ಎರಡೂ ಯಾಕೆ ಕತ್ತರಿಸ್ದೆ? ಒಂದು ಕಾಲು ಇನ್ನೂ ಐತಲ್ಲೇ.”

ಅವಳಿಗೆ ಆಗ ಹೊಳೆಯಿತು. ಸೆರಗು ಬಾಯಿಗೆ ಒತ್ತಿಕೊಂಡಳು.

“ಕತ್ತರಿಸಿದ್ದು ಎಲ್ಲೈತೆ? ಸೇರಿಸಿ ಹೊಲೀಬೋದು.”

“ಮಸಿಬಟ್ಟೆ ಮಾಡ್ಕೊಂಡ್ಬಿಟ್ಟೆ” ಅಂದಳು ಅಳುತ್ತ.

ಅವನು ಮಂಚದ ಅಂಚಿಗೆ ಸರಿದು ಕೂತ. ಅವಳು ಚಡ್ಡಿ ಏರಿಸಿ ಲಾಡಿ ಕಟ್ಟಿದಳು. ಉಳಿದಿದ್ದ ಒಂದೇ ಮೊಣಕಾಲು ಎಲ್ಲರಿಗೂ ಕಾಣುತ್ತಿತ್ತು.